ಮಾಂದನಿಯ ಪಥ್ಯ

ಪರಿಜಾನ್ ಮಧ್ಯಾಹ್ನಕ್ಕೆ ಊಟದ ಹಾಸು ಬಿಡಿಸಿದಳೆಂದರೆ ಅದರ ಮೇಲೆ ಬರುವುದೆಲ್ಲ ತಂಪು ಪದಾರ್ಥವೇ. ಗಟ್ಟಿ ಮೊಸರು, ಸಿಪ್ಪೆ ಹೆರೆದ ಸೌತೆಕಾಯಿ, ಹಸಿ ಕೊತ್ತಂಬರಿಯ ಕಟ್ಟು, ಪುದೀನ ತೇಲಿಸಿದ ಮಜ್ಜಿಗೆ, ಸಾಲದ್ದಕ್ಕೆ ಖಾಕ್‌ಶೀರ್ ಬೀಜದ ಪಾನಕ. ಉಷ್ಣದ ಮೈಯವರಿಗೆ ಹೇಳಿ ಮಾಡಿಸಿದಂಥ ಊಟ. ತೊಂದರೆ ಇಷ್ಟೇ: ಉಷ್ಣದ ಮೈಯವನು ಮನೆಯಲ್ಲಿರಲಿಲ್ಲ. ಹಾಸಿನ ಮುಂದೆ ಒಬ್ಬಳೇ ಕೂತಿದ್ದವಳದು ಅಪ್ಪಟ ಶೀತದ ಮೈ.

ನಮ್ಮ ಬೂಷೆಹ್ರ್ ಬಂದರಿನಲ್ಲಿ ಹುಡುಗಿ ನೋಡಲು ಹೋದವರೂ ಮೊದಲು ಕೇಳುವುದು ಅದನ್ನೇ, ಮೈ ಉಷ್ಣವೋ ಶೀತವೋ ಎಂದು. ಮೀನು ಉಂಡರೆ ಹಿಂದೆಯೇ ಖರ್ಜೂರ ಬಾಯಿಗೆ ಹಾಕಬೇಕು, ಕಲ್ಲಂಗಡಿ ತಿಂದವನು ಕಲ್ಲುಸಕ್ಕರೆ ಚಪ್ಪರಿಸಬೇಕು. ಇಷ್ಟು ತಿಳಿಯದವಳನ್ನು ಇಲ್ಲಿ ಅಡುಗೆಮನೆಗೆ ಬಿಡುವುದಿಲ್ಲ. ಪರಿಜಾನ್‌ಗೆ ಇದೆಲ್ಲ ಕರತಲಾಮಲಕ. ಮದುವೆಯಾದಾಗಿನಿಂದ ಒಂದೇ ಒಲೆಯ ಮೇಲೆ ಎರಡು ಮೈಗೆ ಅಡುಗೆ ಮಾಡಿದವಳು ಅವಳು. ಗಂಡ ಮಾಂದನಿ ಒಂದು ಅಕ್ರೋಟು ತಿಂದರೆ ಸಾಕು, ಬೆಳಗಾಗುವುದರೊಳಗೆ ಬಾಯೆಲ್ಲ ಹುಣ್ಣು. ಅವಳು ಎರಡು ಚಮಚ ಮೊಸರು ತಿಂದರೆ ಕೈಕಾಲು ತಣ್ಣಗಾಗಿ ಎದೆ ನಡುಗುತ್ತಿತ್ತು. ಆದ್ದರಿಂದ ಅವನ ಬದಿಗೆ ಮೊಸರು, ಇವಳ ಬದಿಗೆ ಖರ್ಜೂರ, ನಡುವೆ ರೊಟ್ಟಿ.

ಆ ಖರ್ಜೂರವನ್ನು ಅವಳು ತಾನಾಗಿ ಬಿಡಿಸಿಕೊಂಡು ತಿಂದದ್ದೇ ಇಲ್ಲ. ಹಡಗಿನಿಂದ ರಜೆಗೆ ಬಂದಾಗಲೆಲ್ಲ ಮಾಂದನಿ ತಾನು ಮುಟ್ಟಬಾರದ ಹಣ್ಣನ್ನು ತಾನೇ ಆರಿಸಿ ತರುತ್ತಿದ್ದ. ಬೀಜ ತೆಗೆದು, ಆ ಜಾಗಕ್ಕೆ ಅಕ್ರೋಟು ತುಂಬಿ, ಹುರಿದ ಹಿಟ್ಟು ಸುರಿದು, ದಾಲ್ಚಿನ್ನಿ ಉದುರಿಸಿ ರಂಗೀನಕ್ ಮಾಡಿ ಕೊಡುತ್ತಿದ್ದ. ಎಂಜಿನ್ ಎಣ್ಣೆ ಕಲೆ ಹೋಗದ ಆ ದಪ್ಪ ಬೆರಳುಗಳಿಗೆ ಖರ್ಜೂರ ಅಂಟಿರುತ್ತಿತ್ತು. ಅವನು ಬೆರಳು ನೆಕ್ಕುವಂತೆಯೂ ಇರಲಿಲ್ಲ, ತೊಳೆಯಲು ಏಳುವುದಕ್ಕೆ ಸೋಮಾರಿತನ. ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡು ಅವಳು ತಿನ್ನುವುದನ್ನೇ ನೋಡುತ್ತ ಕೂತಿರುತ್ತಿದ್ದ.

ಈಗ ಅವನಿದ್ದ ಸರಕು ಹಡಗು ಯಾವುದೋ ದೂರದ ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ಮಾಲೀಕ ಕೈಯೆತ್ತಿಬಿಟ್ಟಿದ್ದ, ಬಂದರಿನವರು ಕಾಗದ ಸರಿಯಿಲ್ಲವೆಂದು ಯಾರನ್ನೂ ದಡಕ್ಕೆ ಇಳಿಯಗೊಡುತ್ತಿರಲಿಲ್ಲ. ಇದು ಎರಡನೇ ಬೇಸಿಗೆ. ಶುಕ್ರವಾರ ಮಧ್ಯಾಹ್ನ ಪುಣ್ಯಾತ್ಮರು ಯಾರೋ ದೋಣಿಯಲ್ಲಿ ದಿನಸಿ ತರುತ್ತಾರೆ. ಅವರ ಫೋನಿನಲ್ಲಿ ಒಬ್ಬೊಬ್ಬರಿಗೂ ಒಂದಿಷ್ಟು ಮಾತು. ಹಿರಿಮಗಳು ಮದೀನೆಯ ನಂತರ ಹುಟ್ಟಿದ ಗಂಡುಕೂಸುಗಳೆಲ್ಲ ಕೈಗೆ ಹತ್ತದೆ ಹೋದ ಮೇಲೆ, ಇವನಾದರೂ ನಿಲ್ಲಲಿ ಎಂದು ತಾಯಿ ಇಟ್ಟ ಹೆಸರು ಮಾಂದನಿ. ಉಳಿಯುವವನು ಎಂದರ್ಥ. ಎಲ್ಲಿ ಉಳಿಯಬೇಕೆಂದು ಆ ಮಹಾತಾಯಿ ಹೇಳಲಿಲ್ಲ.

ಕಾಯುವುದು ಮೈಗೆ ಹತ್ತಿಬಿಟ್ಟಿತ್ತು. ಫೋನ್ ಸದ್ದಾದರೆ ಪರಿಜಾನ್‌ಳ ಎದೆ ಧಸಕ್ಕೆನ್ನುವುದು, ಸದ್ದಾಗದಿದ್ದರೆ ಇನ್ನೂ ಜೋರಾಗಿ ಬಡಿದುಕೊಳ್ಳುವುದು. ನಿದ್ದೆ ಅರೆಬರೆ. ಹೊಲಿಗೆಯಲ್ಲಿ ಬದುಕುವ ಹೆಂಗಸು, ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿವೆ, ಕೈ ನಡುಗಿ ಸೂಜಿಗೆ ದಾರ ಏರುತ್ತಿಲ್ಲ. ಇದರ ಜೊತೆಗೆ ಈಚೆಗೆ ಮಾಂದನಿಯ ಮಾತೂ ಬದಲಾಗಿತ್ತು. ನಾಲಿಗೆ ದಪ್ಪಗಾದಂತೆ ತೊದಲುತ್ತಿದ್ದ. "ಚೆನ್ನಾಗಿದ್ದೀನಿ ಪರೀ, ಇಡ್ತೀನಿ" ಎಂದು ಎರಡೇ ಮಾತಿಗೆ ಮುಗಿಸಿಬಿಡುತ್ತಿದ್ದ. ಕಾಯಿಲೆಯೋ, ಕುಡಿತವೋ, ತನ್ನ ಮೇಲಿನ ಬೇಸರವೋ ಎಂದು ಅವಳು ವಾರವೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು ಹೃದಯ ಗಟ್ಟಿಮುಟ್ಟಾಗಿದೆ ಎಂದರು. ಬಹಳ ಕಾಲದ ಒತ್ತಡ, ಊಟ ನಿದ್ದೆ ಸರಿಮಾಡಿಕೊಳ್ಳಬೇಕು ಎಂದು ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹುಡುಗಿಯ ಹತ್ತಿರ ಕಳಿಸಿದರು.

"ಖಾನಮ್, ಬೆಳಗಿನ ತಿಂಡಿ ಬಿಡಬೇಡಿ," ಎಂದಳು ಆ ಹುಡುಗಿ. "ಕಡು ಚಹಾ ಕಡಿಮೆ ಮಾಡಿ. ಮೀನು, ಒಂದು ಹಿಡಿ ಅಕ್ರೋಟು, ನಾಲ್ಕಾರು ಖರ್ಜೂರ ತಿನ್ನಿ. ಮೆಗ್ನೀಸಿಯಂ ಮಾತ್ರೆ, ವಿಟಮಿನ್ ಡಿ ಬರ್ಕೊಟ್ಟಿದ್ದೀನಿ. ಆದ್ರೆ ಮಾತ್ರೆ ಊಟದ ಜಾಗ ತುಂಬಲ್ಲ. ಈಗ ಏನು ಊಟ ಮಾಡ್ತಿದ್ದೀರಾ?"

"ಎಲ್ಲಾನೂ ಮಾಡ್ತೀನಮ್ಮ," ಎಂದು ಪರಿಜಾನ್ ಹಸಿ ಸುಳ್ಳು ಹೇಳಿ ಎದ್ದು ಬಂದಳು.

ಮಾತ್ರೆಗಳನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟೆ ತುಂಬ ಮೊಸರುಂಡು, ಮೇಲೆ ತಣ್ಣನೆ ಮಜ್ಜಿಗೆಯಲ್ಲಿ ಮಾತ್ರೆ ನುಂಗಿ, ಕೈ ನಡುಕ ಇನ್ನೂ ಯಾಕೆ ನಿಂತಿಲ್ಲ ಎಂದು ನೋಡುತ್ತ ಕೂರುತ್ತಿದ್ದಳು.

ಗುಟ್ಟು ರಟ್ಟು ಮಾಡಿದವಳು ನಾದಿನಿ ಮದೀನೆ. ವಯಸ್ಸಿನಲ್ಲೂ ಗಂಟಲಿನಲ್ಲೂ ದೊಡ್ಡವಳು. ತಮ್ಮನ ಮನೆಯ ಫ್ರಿಜ್ ತೆಗೆಯಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಗುರುವಾರ ಬಂದವಳೇ ಬಾಗಿಲು ತೆರೆದು ಸೊಂಟದ ಮೇಲೆ ಕೈ ಇಟ್ಟಳು.

"ಇದೇನೇ ಇದು? ಮೊಸರು, ಮೊಸರು, ಇನ್ನೊಂದು ಮೊಸರು! ಡೇರಿ ಇಟ್ಟಿದ್ದೀಯಾ?"

"ನಂಗಿಷ್ಟ ಅಕ್ಕಾ."

"ಇಷ್ಟವಂತೆ ಇಷ್ಟ! ಮದುವೆಯಾಗಿ ಬಂದ ಹೊಸದ್ರಲ್ಲಿ ಒಂದು ಬಟ್ಟಲು ಮೊಸರು ತಿಂದು, ಈ ಸೆಖೇಲಿ ಕಂಬಳಿ ಹೊದ್ದು ಗಡಗಡ ನಡುಗ್ತಾ ಕೂತಿದ್ದೆ. ಅಮ್ಮ ಶುಂಠಿ ಕಾಸಿ ಕುಡಿಸಿದ್ದು ನಾನು ನೋಡಿಲ್ವಾ? ಖರ್ಜೂರ ಎಲ್ಲೇ? ಅಕ್ರೋಟು ಎಲ್ಲಿ?"

ಪರಿಜಾನ್ ತಲೆವಸ್ತ್ರದ ಅಂಚು ಸರಿಮಾಡಿಕೊಂಡಳು.

"ನೀನು ಉಣ್ತಿರೋದು ನಿನ್ನ ಊಟ ಅಲ್ಲ ಕಣೇ, ನನ್ನ ತಮ್ಮನ ಪಥ್ಯ. ರೋಗ ನಿಂದು, ಪಥ್ಯ ಅವಂದು! ಹಿಂಗಾದ್ರೆ ಯಾವ ಮಾತ್ರೆ ತಾನೇ ನಾಟುತ್ತೆ? ಆ ಕ್ಲಿನಿಕ್ ಹುಡುಗಿ ಏನಂದ್ಲು?"

"ಅವಳೂ ಅದನ್ನೇ ಅಂದ್ಲು. ಖರ್ಜೂರ, ಅಕ್ರೋಟು."

"ನೋಡಿದ್ಯಾ! ಓದಿದವಳೂ ನಾನೂ ಒಂದೇ ಮಾತು ಹೇಳೋದು ಜನ್ಮಕ್ಕೆ ಒಂದ್ಸಲ. ಆ ಮೊಸರೆಲ್ಲ ಇವತ್ತೇ ಚೆಲ್ಲು."

"ಚೆಲ್ಲಲ್ಲ."

ಅಷ್ಟು ಗಟ್ಟಿಯಾಗಿ ಪರಿಜಾನ್ ಆ ಮನೆಯಲ್ಲಿ ಮಾತಾಡಿದ್ದನ್ನು ಮದೀನೆ ಕೇಳಿರಲಿಲ್ಲ. ಹುಬ್ಬೇರಿಸಿ ನಿಂತಳು.

"ಅವನು ಹೊರಟ ದಿನ ಬೆಳಿಗ್ಗೆ ಬಟ್ಟಲಲ್ಲಿ ಒಂದಿಷ್ಟು ಮೊಸರು ಉಳಿಸಿ ಎದ್ದಿದ್ದ ಅಕ್ಕಾ," ಎಂದಳು ಪರಿಜಾನ್. "ಅದನ್ನೇ ಹೆಪ್ಪು ಹಾಕ್ದೆ. ಅದ್ರಿಂದ ಇನ್ನೊಂದು, ಅದ್ರಿಂದ ಇನ್ನೊಂದು. ಇವತ್ತಿಂದೂ ಅದೇ ಹೆಪ್ಪೇ. ನಡುವೆ ಬಿಟ್ರೆ ಹೋಯ್ತು, ಮತ್ತೆ ಎಲ್ಲಿಂದ ತರ್ಲಿ? ಹೆಪ್ಪು ಹಾಕಿದ ಮೇಲೆ ಮೊಸರಾಗುತ್ತೆ. ನಾನೊಬ್ಳೇ ಇರೋ ಮನೇಲಿ ಅದನ್ನ ಇನ್ಯಾರು ತಿನ್ಬೇಕು? ಚರಂಡಿಗೆ ಸುರೀಲಾ?"

ಸೌತೆಕಾಯಿಯೂ ಹಾಗೇ, ಪಾನಕವೂ ಹಾಗೇ. ಅವನ ಪದಾರ್ಥ ಮನೆಯಲ್ಲಿರುವ ತನಕ ಅವನು ಇಲ್ಲೇ ಎಲ್ಲೋ ಹೊರಗೆ ಹೋಗಿದ್ದಾನೆ ಎಂದ ಹಾಗೆ. ತನ್ನೊಬ್ಬಳ ಮೈಗೆ ಬೇಕಾದ್ದನ್ನು ಮಾತ್ರ ಮಾಡಿಕೊಂಡು ಉಣ್ಣುವುದೆಂದರೆ, ಈ ಮನೆಯಲ್ಲಿ ಈಗ ಒಬ್ಬಳೇ ಇರುವುದು ಎಂದು ಒಪ್ಪಿಕೊಂಡ ಹಾಗೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಮದೀನೆ ಫ್ರಿಜ್ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ತಲೆಯ ಮೇಲೆ ಚಾದರ್ ಎಳೆದುಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿ, ತಟ್ಟೆ ತುಂಬ ರಂಗೀನಕ್ ಕೈಗಿತ್ತಳು. "ತಿಂದ್ರೆ ತಿನ್ನು, ಬಿಟ್ರೆ ಬಿಡು. ತಟ್ಟೆ ಮಾತ್ರ ನಂಗೆ ವಾಪಸ್ ಬೇಕು," ಎಂದು ಒಳಗೂ ಬರದೆ ತಿರುಗಿದಳು. ದಾಲ್ಚಿನ್ನಿಯ ಪರಿಮಳ ಮನೆಯೆಲ್ಲ ಹರಡಿತು. ಪರಿಜಾನ್‌ಗೆ ಬಾಯಲ್ಲಿ ನೀರೂರಿತು, ಹಿಂದೆಯೇ ಕಣ್ಣಲ್ಲೂ ಬಂತು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಮೂಲೆಗಿಟ್ಟಳು. ಮಾಂದನಿಯ ಬೆರಳುಗಳು ತುಂಬದ ಖರ್ಜೂರ ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದೇ ಅವಳು ನಂಬಿದ್ದಳು.

ಮಧ್ಯಾಹ್ನ ಫೋನ್ ಬಂತು. ಆ ಕಡೆ ಬೇರೆ ಯಾರದೋ ದನಿ.

"ಅತ್ತಿಗೇ, ನಾನು ಯಾಕೂಬ್. ಹಡಗಿನ ಅಡುಗೆಯವನು."

"ಏನಾಯ್ತು ಅವನಿಗೆ?"

"ಅಯ್ಯೋ, ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದಾನೆ. ಒಂದು ದೂರು ಹೇಳೋಣ ಅಂತ ಫೋನ್ ಕಿತ್ಕೊಂಡೆ. ದೋಣಿಯವರು ತರೋ ನಿಂಬೆ, ಮೊಸರು, ಸೌತೆಕಾಯಿ ಎಲ್ಲಾ ನಮಗೆ ಹಂಚ್ಬಿಡ್ತಾನೆ. ನಮ್ಮ ಪಾಲಿನ ಖರ್ಜೂರ ತಾನು ಇಸ್ಕೋತಾನೆ. ಬಾಯಿ ತುಂಬ ಹುಣ್ಣು, ಕತ್ತಿನ ಮೇಲೆ ಕುರು. ಮಾತಾಡಿದ್ರೆ ನಿಮಗೆ ತಿಳಿಯುತ್ತೆ ಅಂತ ಎರಡೇ ಮಾತಿಗೆ ಫೋನ್ ಇಡ್ತಾನೆ. ಚೆನ್ನಾಗಿ ಬೈಯ್ರಿ ಇವನಿಗೆ."

ಏನೋ ಎಳೆದಾಟದ ಸದ್ದಾಯಿತು. ಆಮೇಲೆ ಆ ತೊದಲು ದನಿ. "ಅವನ ಮಾತು ನಂಬಬೇಡ ಪರೀ."

"ಖರ್ಜೂರ ತಿಂತಿದ್ದೀಯಾ?"

ಆ ಕಡೆ ಬರೀ ಗಾಳಿ.

"ಬಾಯಿಬಿಡು ಮಾಂದನಿ. ನಾನಿಲ್ಲಿ ಏನೇನು ಅಂದ್ಕೊಂಡು ಸಾಯ್ತಿದ್ದೀನಿ ಗೊತ್ತಾ?"

"ಬೆರಳಿಗೆ ಅಂಟುತ್ತೆ," ಎಂದ ಅವನು.

"ಏನು?"

"ಖರ್ಜೂರ. ಬೀಜ ತೆಗೆಯುವಾಗ ಬೆರಳಿಗೆ ಅಂಟುತ್ತಲ್ಲ, ಆವಾಗ ನಮ್ಮನೇಲಿ ಹಾಸಿನ ಮುಂದೆ ಕೂತ ಹಾಗೇ ಇರುತ್ತೆ. ನಿಂಗೆ ಅಂತಾನೇ ಬಿಡಿಸ್ತೀನಿ. ಬಿಡಿಸಿದ ಮೇಲೆ ನೋಡಿದ್ರೆ ಕೊಡೋಕೆ ನೀನಿರಲ್ಲ. ಸಮುದ್ರಕ್ಕೆ ಎಸೆಯೋಕೆ ಮನಸ್ಸು ಬರಲ್ಲ. ತಿಂದುಬಿಡ್ತೀನಿ."

ಪರಿಜಾನ್ ಅಡುಗೆಮನೆಯ ನೆಲದ ಮೇಲೆ ಕೂತಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಮೊಸರಿನ ಕಥೆ, ಹೆಪ್ಪಿನ ಕಥೆ, ಕೈ ನಡುಕ, ಮಜ್ಜಿಗೆಯಲ್ಲಿ ನುಂಗಿದ ಮಾತ್ರೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಬುದ್ಧಿ ಇದೆಯೇನೇ ನಿಂಗೆ?" ಅವನು ರೇಗಿದ. "ಆ ಮೈಗೆ ಮೊಸರಾ? ನಾನು ಬರೋ ಹೊತ್ತಿಗೆ ನೀನಿರೋದು ಬೇಡ್ವಾ?"

"ನಿಂಗಿದೆಯಾ ಬುದ್ಧಿ? ಬರೋ ಹೊತ್ತಿಗೆ ನಿನ್ನ ನಾಲಿಗೆ ಇರುತ್ತಾ?"

ಅವನ ಹಿಂದೆ ಯಾರೋ ಬೇಗ ಮುಗಿಸು ಎಂದು ಕೂಗಿದರು.

"ಹೆಪ್ಪನ್ನ ಅಕ್ಕನಿಗೆ ಕೊಡು ಪರೀ," ಎಂದ ಮಾಂದನಿ. "ಅವಳದೂ ನನ್ನದೇ ಮೈ, ಮೊಸರು ಕಂಡ್ರೆ ಬಿಡಲ್ಲ. ಅವಳ ಮನೇಲಿ ಬೆಳೀಲಿ. ಬಂದ ಮೇಲೆ ಇಸ್ಕೊಂಡ್ರಾಯ್ತು."

"ಅವಳು ಹೆಪ್ಪಿಗೂ ಉಳಿಸದೆ ನೆಕ್ಕಿಬಿಟ್ರೆ?"

"ಅಯ್ಯೋ, ನಗಿಸಬೇಡ್ವೇ, ಹುಣ್ಣು ಉರಿಯುತ್ತೆ!" ನಕ್ಕು ನರಳಿ, ಆಮೇಲೆ ದನಿ ತಗ್ಗಿಸಿದ. "ನಾನೂ ಇವತ್ತಿಂದ ಖರ್ಜೂರ ಮುಟ್ಟಲ್ಲ. ಆದ್ರೆ ಮನೇಲಿ ಖರ್ಜೂರ ಇದ್ರೆ ಈಗ್ಲೇ ಒಂದು ಬಾಯಿಗೆ ಹಾಕು. ನಂಗೆ ಕೇಳಿಸೋ ಹಾಗೆ."

ಅವಳು ಮೂಲೆಯ ತಟ್ಟೆ ಎಳೆದುಕೊಂಡಳು, ಬಟ್ಟೆ ಸರಿಸಿದಳು. ಒಂದು ತುಂಡು ಬಾಯಿಗಿಟ್ಟು ಅಗಿದಳು. ಅಕ್ರೋಟು ಹಲ್ಲಿಗೆ ಸಿಕ್ಕಿ ಮುರಿಯಿತು.

"ಕೇಳಿಸ್ತು," ಎಂದ ಅವನು. "ನಿಧಾನ ತಿನ್ನು."

ಅಷ್ಟಕ್ಕೆ ಫೋನ್ ಕಡಿದುಹೋಯಿತು. ಅವಳು ಅದನ್ನು ಕಿವಿಯಿಂದ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು, ನಿಧಾನವಾಗಿ, ಇನ್ನೊಂದು ತುಂಡು ತಿಂದಳು. ಅವಳ ಬೆರಳಿಗೂ ಅಂಟಿತ್ತು.

ಸಂಜೆ ಮದೀನೆಯ ತಟ್ಟೆಯನ್ನು ತೊಳೆದು ಒರೆಸಿದಳು. ತಿಂಡಿ ಬಂದ ತಟ್ಟೆಯನ್ನು ನಮ್ಮಲ್ಲಿ ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹೂವನ್ನಾದರೂ ಇಟ್ಟು ಕೊಡುತ್ತಾರೆ. ಪರಿಜಾನ್ ಅದರ ಮೇಲೆ ಮೊಸರಿನ ಬಟ್ಟಲನ್ನಿಟ್ಟಳು. ಮನೆಯಲ್ಲಿ ಇನ್ನೊಂದು ಚಮಚವನ್ನೂ ಉಳಿಸಿಕೊಳ್ಳಲಿಲ್ಲ, ಉಳಿಸಿಕೊಂಡರೆ ಮತ್ತೆ ಹೆಪ್ಪು ಹಾಕುವವಳು ತಾನೆಂದು ಅವಳಿಗೆ ಗೊತ್ತಿತ್ತು. ಎರಡು ಗಲ್ಲಿಯ ದಾರಿ. ಕೂಸನ್ನು ಎತ್ತಿಕೊಂಡವಳ ಹಾಗೆ ಬಟ್ಟಲನ್ನು ಎದೆಗೊತ್ತಿಕೊಂಡು ನಡೆದಳು.

ಬಾಗಿಲು ತೆಗೆದ ಮದೀನೆ ತಟ್ಟೆ ನೋಡಿದಳು, ಬಟ್ಟಲು ನೋಡಿದಳು, ಕೊನೆಗೆ ತಮ್ಮನ ಹೆಂಡತಿಯ ಮುಖ ನೋಡಿದಳು. ಎಲ್ಲವೂ ಅರ್ಥವಾಯಿತು. ಆದರೂ ಗೊಣಗದೆ ಇದ್ದರೆ ಅವಳು ಮದೀನೆಯೇ ಅಲ್ಲ.

"ನಮ್ಮನೆ ಹಾಲು ಬೇರೆ ಕಣೇ. ಹಿಡಿಯುತ್ತೋ ಇಲ್ವೋ."

"ಬೆಚ್ಚಗೆ ಸುತ್ತಿಡಿ ಅಕ್ಕಾ. ಅಲ್ಲಾಡಿಸಬೇಡಿ. ಪೂರ್ತಿ ತಿನ್ನಬೇಡಿ."

"ಮೊಸರು ಮಾಡೋಕೆ ನನಗೇ ಹೇಳಿಕೊಡ್ತಾಳೆ ನೋಡು!" ಎಂದು ಮದೀನೆ ಎರಡೂ ಕೈಯಿಂದ ಬಟ್ಟಲನ್ನು ಇಸಿದುಕೊಂಡಳು. ಪರಿಜಾನ್ ಬರಿಗೈಯಲ್ಲಿ ಮನೆಗೆ ಬಂದಳು. ಕೈಗೆ ಏನೂ ಇಲ್ಲದ್ದು ದಾರಿಯುದ್ದಕ್ಕೂ ಗೊತ್ತಾಗುತ್ತಲೇ ಇತ್ತು.

ಬೆಳಿಗ್ಗೆ ಅವಳು ಹಾಸು ಬಿಡಿಸಿ, ತನ್ನ ಬದಿಗೆ ಖರ್ಜೂರ, ಅಕ್ರೋಟು, ಬಿಸಿ ರೊಟ್ಟಿ ಇಟ್ಟುಕೊಂಡಳು. ಅವನ ಬದಿಯನ್ನು ಬರಿದಾಗಿಯೇ ಬಿಟ್ಟಳು. ಮಾತ್ರೆಯನ್ನು ಬೆಚ್ಚನೆ ನೀರಿನಲ್ಲಿ ನುಂಗಿದಳು. ಎದುರಿನ ಖಾಲಿ ಜಾಗ ನೋಡುತ್ತ ತುತ್ತು ಇಳಿಸುವುದು ಕಷ್ಟವಾಯಿತು, ಆದರೂ ಇಳಿಸಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಎದೆ ಧಸಕ್ಕೆಂದಿತು. ಒಂದೇ ದಿನಕ್ಕೆ ಬದಲಾಗುವಂಥ ಎದೆಯಲ್ಲ ಅದು.

"ಲೇ ಪರಿಜಾನ್," ಎಂದಳು ಮದೀನೆ. ಅವಳ ಗಂಟಲು ಯಾಕೋ ಅಷ್ಟು ದೊಡ್ಡದಿರಲಿಲ್ಲ. "ಹಿಡೀತು ಕಣೇ."

ಪರಿಜಾನ್‌ಗೆ ಬಾಯಿ ತುಂಬ ಖರ್ಜೂರವಿತ್ತು. ಹೂಂ ಎಂದಷ್ಟೇ ಅಂದಳು.

"ಗಟ್ಟಿಯಾಗಿದೆ, ಅವನಿಗೆ ಬೇಕಾದ ಹಾಗೆ. ಹೆಪ್ಪಿಗೆ ತೆಗೆದಿಟ್ಟು ಆಮೇಲೇ ತಿಂದೆ."