ಮೀನಿಗೆ

ಗುಂಡು ನನ್ನ ಎಡಗಿವಿಯ ಪಕ್ಕದಲ್ಲೇ ಹಾದು, ಕೊಕ್ಕೆಗೆ ನೇತುಹಾಕಿದ್ದ ಜಿಂಕೆಯ ತೊಡೆಯನ್ನು ಸೀಳಿಕೊಂಡು ಹೋಗಿ, ಹಿಂದಿದ್ದ ಫ್ರೀಜರಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು ಮಾಡಿತು. ಬೇಟೆಯವರು ತಂದುಕೊಡುವ ಜಿಂಕೆಗಳನ್ನು ಕೊಯ್ದು ಕೊಡುವುದು ನನ್ನ ಕಸುಬು. ನಾನು ಚಾಕು ಹಿಡಿದವಳು ಹಿಡಿದ ಹಾಗೇ ನಿಂತಿದ್ದೆ. ಶೆಡ್ಡಿನ ಹಲಗೆ ಗೋಡೆಯಲ್ಲಿ ಹೊಸದಾಗಿ ಬಿದ್ದ ತೂತಿನಿಂದ ಬೆಳಕಿನ ಒಂದು ಕಡ್ಡಿ ಒಳಗೆ ಬಂದಿತ್ತು.

ಹೊರಗೆ ಅಂಗಳದಲ್ಲಿ ನನ್ನ ಮಗಳು ಡಾರ್ಸಿ ಹೊಸ ಬಂದೂಕು ಹಿಡಿದು ನಿಂತಿದ್ದಳು. ಮುಖ ಸುಣ್ಣದ ಹಾಗಾಗಿತ್ತು.

"ಅಮ್ಮ, ನಾನು ಟ್ರಿಗರ್ ಮುಟ್ಟಲಿಲ್ಲ. ಗುರಿ ಅಭ್ಯಾಸ ಮುಗೀತು, ತೋಟಾ ತೆಗೆಯೋಣ ಅಂತ ಸೇಫ್ಟಿ ಮುಂದಕ್ಕೆ ತಳ್ಳಿದೆ ಅಷ್ಟೆ. ಅದೇ ಹಾರಿಬಿಡ್ತು."

ನಳಿಗೆ ಶೆಡ್ಡಿನ ಕಡೆಗೆ ಇದ್ದದ್ದು ಅವಳ ತಪ್ಪೇ. ಅದಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಆದರೆ ಟ್ರಿಗರ್ ಮುಟ್ಟಲಿಲ್ಲ ಎಂದರೆ ಮುಟ್ಟಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ, ಹೇಳಲು ಬರುವುದೂ ಇಲ್ಲ. ಆ ಬಂದೂಕಿನಲ್ಲಿ ಒಳಗಿನ ತೋಟಾ ತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನು, ಅಂದರೆ ಗುಂಡು ಹಾರದಂತೆ ತಡೆಯುವ ಗುಂಡಿಯನ್ನು, ಮುಂದಕ್ಕೆ ತಳ್ಳಲೇಬೇಕು. ಬಂದೂಕನ್ನು ಖಾಲಿ ಮಾಡಲು ಹೋದವರ ಕೈಯಲ್ಲೇ ಅದು ಹಾರುತ್ತದೆ ಎಂದಾದರೆ ಅದನ್ನು ಬಂದೂಕು ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ಅದು ಪೆಂಗ್ರಾ ಕಾರ್ಖಾನೆಯ ಬಂದೂಕು. ನಮ್ಮ ಕಣಿವೆಯಲ್ಲಿ ಮೊದಲ ಬೇಟೆಗೆ ಹೊರಟವರಿಗೆ ಪೆಂಗ್ರಾ ಕೊಡುವುದು ವಾಡಿಕೆ. ಡಾರ್ಸಿಗೆ ಕೊಟ್ಟವನು ಅವಳ ಸೋದರಮಾವ, ಅಂದರೆ ನನ್ನ ತಮ್ಮ ರಾಯ್ಸ್. ಅವನು ಅದೇ ಕಾರ್ಖಾನೆಯಲ್ಲಿ ನಳಿಗೆ ಪರೀಕ್ಷಿಸುವವನು. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ. ನಾನು ಈಗಲೂ ನನ್ನಜ್ಜನ ಪೆಂಗ್ರಾ ಹಿಡಿದೇ ಬೇಟೆಗೆ ಹೋಗುವುದು. ಒಮ್ಮೆ ದೋಣಿ ಮಗುಚಿ ಕೆರೆಯ ತಳ ಸೇರಿದ್ದ ಬಂದೂಕು ಅದು. ಎತ್ತಿ, ಒರೆಸಿ, ಎಣ್ಣೆ ಹಾಕಿದ ಮೇಲೆ ಏನೂ ಆಗಿಲ್ಲದ ಹಾಗೆ ಕೆಲಸ ಮಾಡಿತು. ಡಾರ್ಸಿಯ ಬಂದೂಕು ಕೆರೆಯನ್ನೇ ಕಂಡಿರಲಿಲ್ಲ. ಅದರ ನಳಿಗೆಯ ಬುಡದಲ್ಲಿ ಮಾತ್ರ ಒಂದು ಚಂದದ ಮೀನು ಕೊರೆದಿತ್ತು.

ಆ ಮೀನಿನ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ನಳಿಗೆ ಪರೀಕ್ಷಿಸುವ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿ, ನದಿಯ ಮೇಲಕ್ಕೆ ಚಾಚಿಕೊಂಡಿತ್ತು. ಪರೀಕ್ಷಿಸುವವನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದ. ಸರಿಯಿದ್ದರೆ "ಚೊಕ್ಕ" ಎನ್ನುತ್ತಿದ್ದ. ಸರಿಯಿಲ್ಲದಿದ್ದರೆ ಕೋಣೆಗೆಲ್ಲ ಕೇಳುವಂತೆ "ಮೀನಿಗೆ" ಎಂದು, ಬುಡಕ್ಕೊಂದು ಮೀನಿನ ಗುರುತು ಹೊಡೆದು, ಅದೇ ಕಿಟಕಿಯಿಂದ ನದಿಗೆ ಎಸೆಯುತ್ತಿದ್ದ. ಒಮ್ಮೆ ಬಾಯಿಂದ ಬಂದ ಆ ಮಾತನ್ನು ಆಡಿದವನೂ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ, ಮಾಲೀಕನೂ ತೆಗೆಸುವ ಹಾಗಿರಲಿಲ್ಲ. ಚಿಕ್ಕವರಿದ್ದಾಗ ಈಜಲು ಹೋದರೆ ನಮ್ಮ ಕಾಲಿಗೆ ತುಕ್ಕು ಹಿಡಿದ ನಳಿಗೆಗಳು ತಾಗುತ್ತಿದ್ದವು.

ಕಾರ್ಖಾನೆ ಕಟ್ಟಿದ ಮುದುಕ ಪೆಂಗ್ರಾ ತನ್ನ ಮಗನ ಮದುವೆಗೆಂದು ಬೆಳ್ಳಿಯ ಕುಸುರಿ ಹಾಕಿದ ಬಂದೂಕೊಂದನ್ನು ಸ್ವಂತ ಕೈಯಿಂದ ಮಾಡಿದನಂತೆ. ಪರೀಕ್ಷಿಸುವವನು ನೋಡಿ "ಮೀನಿಗೆ" ಎಂದ. ಮುದುಕ ಕೂಗಾಡಿದ, ಬೇಡಿಕೊಂಡ. ಆಗಲಿಲ್ಲ. ಕೊನೆಗೆ, ನದಿಗೆ ಎಸೆಯುವುದು ಬೇಡ, ನನ್ನ ನಂತರ ಬರುವ ಮಾಲೀಕರು ನೋಡಲಿ ಎಂದು ಅದನ್ನು ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿಸಿದ. ಮುದುಕನ ಮೇಲೆ ನನಗೆ ಗೌರವ ಇರುವುದು ಆ ಒಂದು ಕೆಲಸಕ್ಕೆ.

ಮೂರು ವರ್ಷದ ಹಿಂದೆ ಪೆಂಗ್ರಾದ ಮರಿಮಕ್ಕಳು ಕಾರ್ಖಾನೆಯನ್ನು ನ್ಯೂಯಾರ್ಕ್ ನಗರದ ಹಣವಂತರಿಗೆ ಮಾರಿದರು. ಅವರು ಕರ್ಟಿಸ್ ವೇಲ್ ಎಂಬ ಮ್ಯಾನೇಜರನನ್ನು ಕಳಿಸಿದರು. ಅದಕ್ಕೆ ಮುಂಚೆ ಅವನು ಹುಲ್ಲು ಕತ್ತರಿಸುವ ಯಂತ್ರ ಮಾರುತ್ತಿದ್ದ. ಬಂದವನೇ ನಳಿಗೆ ಪರೀಕ್ಷಿಸುವ ಕೋಣೆಯ ಕಿಟಕಿಗೆ ಹಲಗೆ ಹೊಡೆಸಿದ. ಅಲ್ಲಿದ್ದವರಲ್ಲಿ ರಾಯ್ಸ್ ಒಬ್ಬನನ್ನು ಉಳಿಸಿಕೊಂಡು ಬಾಕಿಯವರನ್ನು ಮನೆಗೆ ಕಳಿಸಿದ. ಆಮೇಲೆ ಗಾಜಿನ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಬೆಳ್ಳಿ ಕುಸುರಿ, ಬುಡದಲ್ಲಿ ಮೀನು.

"ಈ ಮೀನು ಏನು?" ಎಂದು ರಾಯ್ಸ್‌ನನ್ನು ಕೇಳಿದನಂತೆ.

"ಅದನ್ನ ಎಲ್ಲಾ ಬಂದೂಕಿಗೂ ಹಾಕಲ್ಲ ಸಾರ್" ಎಂದಿದ್ದ ರಾಯ್ಸ್.

ಅಷ್ಟೇ ಸಾಕಾಯಿತು. ಮುಂದಿನ ತಿಂಗಳಿನಿಂದ ಹೊರಬಂದ ಪ್ರತಿ ಬಂದೂಕಿನ ಮೇಲೂ ಮೀನು. ಪೆಟ್ಟಿಗೆಯ ಮೇಲೆ ಮೀನು, ಟೋಪಿಯ ಮೇಲೆ ಮೀನು, ಕಾರ್ಖಾನೆಯ ಗೇಟಿನ ಮೇಲೆ ಆಳೆತ್ತರದ ಮೀನು. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು. ಯಾರೂ ಅವನಿಗೆ ಹೇಳಲಿಲ್ಲ. ನಾನೂ ನಕ್ಕವಳೇ. ಗುಂಡು ಕಿವಿಯ ಪಕ್ಕ ಹಾದ ದಿನ ನಗು ನಿಂತಿತು.

ಬಂದೂಕನ್ನು ಕಾರ್ಖಾನೆಗೆ ಒಯ್ದು ಕೊಟ್ಟೆ. ವಾರ ಇಟ್ಟುಕೊಂಡು ನನ್ನನ್ನು ಕರೆಸಿದರು. ವೇಲ್ ಮೀನಿನ ಟೋಪಿ ಹಾಕಿಕೊಂಡು ಕುಳಿತಿದ್ದ.

"ಪರೀಕ್ಷೆ ಮಾಡಿಸಿದೆವು ಮೇಡಂ. ಏನೂ ದೋಷ ಇಲ್ಲ. ಚಳಿ ಅಂತ ದಪ್ಪ ಕೈಗವಸು ಹಾಕಿರ್ತಾರೆ, ಗೊತ್ತಿಲ್ಲದೇ ಬೆರಳು ತಾಗಿಬಿಡುತ್ತೆ. ಅದರಲ್ಲೂ ಹೊಸಬರು, ಹುಡುಗಿಯರು..."

"ಹುಡುಗಿಯರು ಏನು?"

"ಹಾಗಲ್ಲ ಮೇಡಂ..."

"ಅವಳು ಕೈಗವಸು ಹಾಕಿರಲಿಲ್ಲ. ನೀವು ಯಾವತ್ತಾದ್ರೂ ಜಿಂಕೆ ಹೊಡೆದಿದ್ದೀರಾ?"

"ನಾನು ಗಾಲ್ಫ್ ಆಡ್ತೀನಿ" ಎಂದು ನಕ್ಕ.

ಮೇಜಿನ ಮೇಲಿದ್ದ ಕಾಫಿ ಲೋಟವನ್ನು ಅವನ ತಲೆಯ ಮೇಲೆ ಸುರಿಯದೆ ಹೊರಗೆ ಬಂದದ್ದು ನನಗೇ ಆಶ್ಚರ್ಯ.

ಮನೆಯಲ್ಲಿ ಅವನ ಮಾತು ಡಾರ್ಸಿಯ ಕಿವಿಗೂ ಬಿತ್ತು. ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮುಟ್ಟಿರಬೇಕು ಅಮ್ಮ. ನನಗೇ ಗೊತ್ತಾಗಿಲ್ಲವೇನೋ. ರಾಯ್ಸ್ ಮಾವ ಕೂಡ ಏನೂ ಹೇಳ್ತಿಲ್ಲ ನೋಡು. ಬಂದೂಕು ಕೆಟ್ಟದ್ದಾಗಿದ್ರೆ ಅವನು ಹೇಳ್ತಿರಲಿಲ್ವಾ?"

ಅಂದಿನಿಂದ ಅವಳು ಬಂದೂಕಿರಲಿ, ನನ್ನ ಶೆಡ್ಡಿನ ಹತ್ತಿರವೂ ಬರುತ್ತಿರಲಿಲ್ಲ. ತನ್ನ ಬೆರಳುಗಳನ್ನು ತಾನೇ ನಂಬದ ಹುಡುಗಿಯನ್ನು ದಿನವೂ ನೋಡುತ್ತಾ ಇರುವುದು ಹೇಗಿರುತ್ತದೆ ಎಂದು ಆ ವೇಲ್‌ಗೆ ಯಾರು ಹೇಳುವುದು? ಹೇಳಬೇಕಾದವನು ನನ್ನ ತಮ್ಮ. ಅವನೊಬ್ಬನ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು.

ಅವನು ಶೆಡ್ಡಿಗೆ ಬಂದಾಗ ಬಾಗಿಲು ಹಾಕಿ ಕೇಳಿದೆ.

"ಅದು ಅವಳ ತಪ್ಪಲ್ಲ ಅಂತ ನಿನಗೆ ಗೊತ್ತು ತಾನೆ?"

ರಾಯ್ಸ್ ಫ್ರೀಜರಿನ ತೂತನ್ನು ಬೆರಳಿನಿಂದ ಸವರುತ್ತಿದ್ದ. "ಗೊತ್ತು. ಅದು ವಾಪಸು ಬಂದ ಮೇಲೆ ಕದ್ದು ಬಿಚ್ಚಿ ನೋಡಿದೆ. ಟ್ರಿಗರಿಗೆ ಆನಿಸಿರೋ ಒಳಗಿನ ಕೊಂಡಿ ಈಗ ಉಕ್ಕಿನದ್ದಲ್ಲ, ಕೋರಾ ಅಕ್ಕ. ಲೋಹದ ಪುಡಿಯನ್ನ ಅಚ್ಚಿಗೆ ಒತ್ತಿ ಮಾಡಿರೋದು. ಹೊಸದಿದ್ದಾಗಲೂ ಸರಿಯಾಗಿ ಹಿಡಿಯಲ್ಲ. ಸೇಫ್ಟಿ ಹಾಕಿರೋವಾಗ ಟ್ರಿಗರ್ ಯಾವುದಕ್ಕಾದ್ರೂ ತಗುಲಿ ಅಲುಗಿದ್ರೆ ಸಾಕು, ಆಮೇಲೆ ಸೇಫ್ಟಿ ತಳ್ಳಿದ ಕೂಡಲೇ ಹಾರುತ್ತೆ."

"ಹಾಗಂತ ಅವಳಿಗೆ ಹೇಳು."

"ಹೇಳ್ತೀನಿ. ಸೀಸನ್ ಒಂದು ಮುಗೀಲಿ."

"ಸೀಸನ್ ಮುಗಿಯೋ ಹೊತ್ತಿಗೆ ಎಷ್ಟು ಜನದ ಕೈಯಲ್ಲಿ ಹಾರುತ್ತೋ ಅದು. ಮೊದಲಾಗಿದ್ರೆ ನೀನು ಅದನ್ನ ಕಿಟಕಿಯಿಂದ ಎಸೀತಿದ್ದೆ."

"ಕಿಟಕಿಗೆ ಹಲಗೆ ಹೊಡೆದಿದ್ದಾರೆ. ನಾನೀಗ ಏನೂ ನೋಡಲ್ಲ. ಪಾಸಾಯ್ತು ಅಂತ ಪೆಟ್ಟಿಗೆಗೆ ಹಸಿರು ಚೀಟಿ ಅಂಟಿಸ್ತೀನಿ. ಅಷ್ಟೇ ನನ್ನ ಕೆಲಸ."

"ಹಾಗಾದ್ರೆ ಅಂಚೆ ಕಚೇರಿಗೆ ಸೇರ್ಕೋ. ಅಲ್ಲೂ ಅಂಟಿಸೋದೇ ಕೆಲಸ. ಯಾರೂ ಸಾಯಲ್ಲ."

ಅವನು ಟೋಪಿ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ನಿಂತು, "ಈ ಊರಲ್ಲಿ ಬೇರೆ ಯಾವ ಕೆಲಸ ಇದೆ ಹೇಳು" ಎಂದ. ಬೇರೆ ಇಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಬೈದೆ.

ಅಲ್ಲಿಯವರೆಗೆ ನಡೆದದ್ದು ಬಿಲ್ಲಿನ ಬೇಟೆ. ಬಂದೂಕಿನ ಬೇಟೆ ಶುರುವಾಗುವುದು ಶನಿವಾರ. ಹಿಂದಿನ ಸಂಜೆ ಅಗ್ನಿಶಾಮಕ ದಳದ ಕಟ್ಟಡದಲ್ಲಿ ಊರೂಟ. ಬೆಂಕಿ ಆರಿಸುವ ಲಾರಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದನೆಯ ಮೇಜು ಹಾಕುತ್ತಾರೆ. ಹಂದಿಯ ತೊಡೆ, ಬೀನ್ಸ್, ಸೇಬಿನ ಪೈ. ಕೊನೆಯಲ್ಲಿ ಲಾಟರಿ, ಗೆದ್ದವರಿಗೆ ಒಂದು ಹೊಸ ಪೆಂಗ್ರಾ. ಕೊಡುವ ಮುಂಚೆ ಪರೀಕ್ಷಿಸುವವನು ಎಲ್ಲರ ಎದುರಿಗೆ ಅದನ್ನು ಬಿಚ್ಚಿ, ದೀಪದ ಬೆಳಕಿಗೆ ಹಿಡಿದು ನೋಡಿ, "ಚೊಕ್ಕ" ಎಂದು ಹೇಳಿ ಕೊಡಬೇಕು. ನಮ್ಮಪ್ಪ ಹೇಳುತ್ತಿದ್ದಾಗ ಆ ಮಾತು ಹೊರಗಿನ ಲಾರಿಗಳವರೆಗೆ ಕೇಳುತ್ತಿತ್ತು. ಕಳೆದೆರಡು ವರ್ಷ ರಾಯ್ಸ್ ಅದನ್ನು ಹೇಳಿದ್ದು ಅವನ ಅಂಗಿಯ ಗುಂಡಿಗೆ ಮಾತ್ರ ಕೇಳಿಸಿರಬೇಕು.

ಡಾರ್ಸಿ ಬರುವುದಿಲ್ಲ ಎಂದಳು. ಎಳೆದುಕೊಂಡು ಹೋಗಿ ಪೈ ಹಂಚುವ ಕೆಲಸಕ್ಕೆ ಹಚ್ಚಿದೆ. ಆಗಲೇ ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು. ಒಬ್ಬ ಮುದುಕ ತಟ್ಟೆ ಒಡ್ಡಿ, "ನೋಡಮ್ಮ, ಚಮಚ ಹಾರಿಸಿಬಿಟ್ಟೀಯ" ಎಂದ. ಸುತ್ತಲಿದ್ದವರು ನಕ್ಕರು. ಡಾರ್ಸಿಯೂ ನಗಲು ನೋಡಿದಳು. ಅದನ್ನು ಕಂಡು ನನ್ನ ಮೈ ಉರಿಯಿತು. ರಾಯ್ಸ್ ಅದೇ ಮೇಜಿನ ತುದಿಯಲ್ಲಿ ಕುಳಿತಿದ್ದ. ಅವನೂ ನೋಡಿದ.

ಲಾಟರಿ ಹಾಲಿನ ಡೈರಿಯ ಹಲ್ಡಾ ವ್ರೂಮನ್‌ಗೆ ಬಂತು. ಗೂಳಿಯ ಮೂಗುದಾರ ಹಿಡಿದು ನಿಲ್ಲಿಸುವ ಹೆಂಗಸು ಅವಳು. ವೇಲ್ ಮೈಕು ಹಿಡಿದು ಪರಂಪರೆ, ಹೆಮ್ಮೆ ಎಂದೆಲ್ಲ ಮಾತಾಡಿದ. ಬಂದೂಕನ್ನು ಎತ್ತಿ ತೋರಿಸಿ, "ಈ ಮೀನು ಬರೀ ಗುರುತಲ್ಲ, ನಾವು ಕೊಡುವ ಮಾತು" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬಂದೂಕು ರಾಯ್ಸ್‌ನ ಕೈಗೆ ಬಂತು.

ಅವನು ಮೊದಲು ತೋಟಾ ಇಲ್ಲವೆಂದು ಎಲ್ಲರಿಗೂ ತೋರಿಸಿದ. ಆಮೇಲೆ ದೀಪಕ್ಕೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಕೊಡುತ್ತಾನೆ ಅಂದುಕೊಂಡು ಹಲ್ಡಾ ಕೈ ಚಾಚಿದಳು. ಕೊಡಲಿಲ್ಲ. ಬಂದೂಕನ್ನು ಮುಚ್ಚಿ, ಸೇಫ್ಟಿ ಹಾಕಿದ. ನಳಿಗೆಯನ್ನು ಚಾವಣಿಗೆ ತಿರುಗಿಸಿ, ಮೈಕಿನ ಹತ್ತಿರ ತಂದು, ಟ್ರಿಗರನ್ನು ಒಮ್ಮೆ ಬಲವಾಗಿ ಎಳೆದು ಬಿಟ್ಟ. ಏನೂ ಆಗಲಿಲ್ಲ, ಆಗಲೂ ಬಾರದು. ನಂತರ ಆ ಕೈಯನ್ನು ಪೂರ್ತಿ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

"ಡಾರ್ಸಿ, ಇಲ್ಲಿ ನೋಡು ಮಗು" ಎಂದ.

ಎಡಗೈಯ ಹೆಬ್ಬೆರಳಿನಿಂದ ಸೇಫ್ಟಿಯನ್ನು ಮುಂದಕ್ಕೆ ತಳ್ಳಿದ.

ಮೈಕಿನಲ್ಲಿ 'ಟಕ್' ಎಂದು ಕೇಳಿಸಿತು. ಬಂದೂಕು ಹಿಡಿದು ಬೆಳೆದವರಿಗೆ ಆ ಸದ್ದು ಏನೆಂದು ಹೇಳಿಕೊಡಬೇಕಾಗಿಲ್ಲ. ತೋಟಾ ಇದ್ದಿದ್ದರೆ ಚಾವಣಿ ತೂತಾಗುತ್ತಿತ್ತು. ಚಮಚದ ತಮಾಷೆ ಮಾಡಿದ ಮುದುಕ ತಟ್ಟೆ ಕೆಳಗಿಟ್ಟ.

ರಾಯ್ಸ್ ತಲೆ ಎತ್ತಿ, ನಮ್ಮಪ್ಪನ ದನಿಯಲ್ಲಿ ಹೇಳಿದ: "ಮೀನಿಗೆ."

ವೇಲ್ ಒಬ್ಬನಿಗೆ ಮಾತ್ರ ಸಂತೋಷವಾಯಿತು. ಅದು ಜೈಕಾರ ಎಂದುಕೊಂಡನೋ ಏನೋ, ಕುಡಿಯುವ ಮುಂಚೆ ಹೆಸರು ಹೇಳಿ ಲೋಟ ಎತ್ತುವ ಹಾಗೆ ತನ್ನ ಬಿಯರ್ ಲೋಟವನ್ನು ತಲೆಯ ಮೇಲೆತ್ತಿ, ಅವನಿಗಿಂತ ಜೋರಾಗಿ ಕೂಗಿದ: "ಮೀನಿಗೆ."

ಹಲ್ಡಾ ನನ್ನ ಮುಖ ನೋಡಿದಳು. "ಕೆಲಸದವನೂ ಹೇಳಿದ, ಯಜಮಾನನೂ ಹೇಳಿದ. ಇನ್ನೇನು ಕೇಳೋದಿದೆ?" ಎಂದು ರಾಯ್ಸ್‌ನ ಕೈಯಿಂದ ಬಂದೂಕು ತೆಗೆದುಕೊಂಡು ಹಿಂಬಾಗಿಲಿನ ಕಡೆ ನಡೆದಳು. ಹಿಂಬಾಗಿಲ ಆಚೆ ನದಿ.

"ಎಲ್ಲಿಗೆ ಹೋಗ್ತಿದ್ದಾರೆ ಅವರು?" ವೇಲ್ ಲೋಟ ಹಿಡಿದುಕೊಂಡೇ ನನ್ನನ್ನು ಕೇಳಿದ.

"ಈಗ ನೀವೇ ಹೇಳಿದ್ರಲ್ಲ ಸಾರ್. ಅಲ್ಲಿಗೇ."

ನೀರಿನ ಸದ್ದು ಒಳಗಿನವರೆಗೂ ಕೇಳಿಸಿತು. ಊರು ಆಗ ನಕ್ಕಿತು. ಈ ಸಲ ವೇಲ್‌ನ ಬೆನ್ನ ಹಿಂದೆ ಅಲ್ಲ, ಎದುರಿಗೇ. ಡಾರ್ಸಿ ನಗಲಿಲ್ಲ. ಪೈ ಹಂಚುವ ಚಮಚವನ್ನು ಮೇಜಿನ ಮೇಲಿಟ್ಟು, ತನ್ನ ಬಲಗೈಯನ್ನು ಬಿಡಿಸಿ ನೋಡಿಕೊಂಡಳು. ಆಮೇಲೆ ಮಾವನ ಹತ್ತಿರ ಹೋಗಿ ಅವನ ಎದೆಗೆ ಹಣೆ ಒತ್ತಿ ನಿಂತಳು. "ಮೊದಲೇ ಹೇಳಬಹುದಿತ್ತಲ್ಲ ಮಾವ" ಎಂದಳು.

ಮರುದಿನ ಬೆಳಗ್ಗೆ ಅವಳು ನನ್ನ ಜೊತೆ ಬೇಟೆಗೆ ಬಂದಳು, ನನ್ನಜ್ಜನ ಬಂದೂಕು ಹಿಡಿದು. ಜಿಂಕೆ ಸಿಗಲಿಲ್ಲ. ತೋಟಾ ತೆಗೆಯುವಾಗ ನಳಿಗೆಯನ್ನು ನೆಲಕ್ಕೆ ಹಿಡಿದಿದ್ದಳು.

ಹೊಸ ಬಂದೂಕು ನದಿಗೆ ಹೋಗಲು ಕಾರಣನಾದ ಎಂದು ರಾಯ್ಸ್‌ಗೆ ಸೋಮವಾರ ಕಾರ್ಖಾನೆಯ ಗೇಟು ತೆರೆಯಲಿಲ್ಲ. ಈಗ ನನ್ನ ಶೆಡ್ಡಿನಲ್ಲಿ ಮೂಳೆ ಬಿಡಿಸುತ್ತಾನೆ. ಕೈ ನಿಧಾನ, ನನ್ನಿಂದ ದಿನವೂ ಬೈಸಿಕೊಳ್ಳುತ್ತಾನೆ. ಕಾರ್ಖಾನೆ ಒಂದು ಬಂದೂಕನ್ನೂ ವಾಪಸು ಕರೆಸಿಲ್ಲ. ನಮ್ಮ ಕಣಿವೆಯವರು ಕೊಳ್ಳುವುದನ್ನು ಬಿಟ್ಟರು, ಹೊರಗಿನವರು ಕೊಳ್ಳುತ್ತಲೇ ಇದ್ದಾರೆ. ಅವರಿಗೆ ಮೀನು ಇಷ್ಟವಂತೆ. 'ಮೀನಿಗೆ' ಎಂದರೇನೆಂದು ವೇಲ್‌ಗೆ ಈಗಲೂ ಯಾರೂ ಹೇಳಿಲ್ಲ. ಊರೂಟದ ಆ ಜೈಕಾರ ವೇಲ್‌ಗೆ ಎಷ್ಟು ಹಿಡಿಸಿತೆಂದರೆ, ನೀರಿಗೆ ಬಿದ್ದ ಬಂದೂಕನ್ನು ಮರೆತು, ಮಾತನ್ನು ಮಾತ್ರ ಎತ್ತಿಕೊಂಡ. ಕ್ರಿಸ್ಮಸ್‌ಗೆ ಹೊಸ ಟೋಪಿಗಳು ಅಂಗಡಿಗೆ ಬಂದವು. ಮೀನಿನ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ 'ಮೀನಿಗೆ' ಎಂದು ಬರೆದಿದೆ.

ರಾಯ್ಸ್ ಒಂದನ್ನು ಕೊಂಡುಕೊಂಡ. ಜಿಂಕೆಯ ಕರುಳು ತೆಗೆಯುವಾಗ ಹಾಕಿಕೊಳ್ಳುತ್ತಾನೆ.