ಅಜ್ಜಿಬಂಡೆಯ ಆಚೆ ಈಚೆ

ನನ್ನ ಅಕ್ಕ ಊರಿನ ಬಸ್ಸು ಓಡಿಸುತ್ತಾಳೆ. ಆ ಬಸ್ಸು ದಿನಾ ಹಲವು ಸಲ ನನ್ನ ಕನ್ನಡಕದ ಅಂಗಡಿಯ ಎದುರಿನ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಕ್ಕ ಬಲಗಡೆಯ ಕನ್ನಡಿ ನೋಡುತ್ತಾಳೆ, ಎಡಗಡೆಯದನ್ನು ನೋಡುತ್ತಾಳೆ, ಹತ್ತುವವರನ್ನೂ ಇಳಿಯುವವರನ್ನೂ ನೋಡುತ್ತಾಳೆ. ಗಾಜಿನ ಹಿಂದೆ ಲೆನ್ಸ್ ಉಜ್ಜುತ್ತ ನಿಂತ ಒಡಹುಟ್ಟಿದ ತಮ್ಮ ಮಾತ್ರ ಒಂದು ವರ್ಷದಿಂದ ಅವಳ ಕಣ್ಣಿಗೆ ಬೀಳುತ್ತಿಲ್ಲ. ಆ ಕಣ್ಣಿಗೆ ಕನ್ನಡಕ ಮಾಡಿಕೊಟ್ಟವನು ನಾನೇ. ನಂಬರು ಸರಿಯಾಗಿಯೇ ಇದೆ.

ಜಗಳ ಆದದ್ದು ಬೆಟ್ಟದ ಮೇಲೆ. ಪ್ರತಿವರ್ಷ ಚಳಿ ಬಿಟ್ಟ ಮೇಲಿನ ಮೊದಲ ಭಾನುವಾರ ನಾವಿಬ್ಬರೂ ಬೆಟ್ಟದ ಏಣು ದಾಟುವುದು ವಾಡಿಕೆ. ಏಣು ಎಂದರೆ ಮೇಲೆ ಆರಾಮಾಗಿ ನಡೆಯುವ ಹಾದಿ ಅಲ್ಲ. ಎರಡು ಕಡೆಯೂ ಪ್ರಪಾತ, ನಡುವೆ ಒಡೆದ ಕಲ್ಲಿನ ಒಂದು ಅಂಚು. ಅರ್ಧ ದಾರಿ ಕೈ ಊರಿಕೊಂಡೇ ಹೋಗಬೇಕು. ಮೂಡಣ ತುದಿಗೂ ಪಡುವಣ ತುದಿಗೂ ರಸ್ತೆ ಇದೆ, ಆದರೆ ಒಂದರಿಂದ ಇನ್ನೊಂದಕ್ಕೆ ಬರಬೇಕಾದರೆ ಇಡೀ ಬೆಟ್ಟವನ್ನು ಬಳಸಬೇಕು. ಹಾಗಾಗಿ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ನಾನು ನನ್ನ ಕಾರನ್ನು ಮೂಡಣ ತುದಿಯಲ್ಲಿ ಬಿಟ್ಟು ಹತ್ತುತ್ತೇನೆ, ಅವಳು ಅವಳದ್ದನ್ನು ಪಡುವಣ ತುದಿಯಲ್ಲಿ ಬಿಟ್ಟು ಹತ್ತುತ್ತಾಳೆ. ನಡುದಾರಿಯಲ್ಲಿ ಸೇರಿ, ಬುತ್ತಿ ಬಿಚ್ಚಿ ತಿಂದು, ಕಾರಿನ ಕೀ ಅದಲುಬದಲು ಮಾಡಿಕೊಳ್ಳುತ್ತೇವೆ. ನಾನು ಅವಳ ಕಾರಿನಲ್ಲಿ ಮನೆಗೆ, ಅವಳು ನನ್ನದರಲ್ಲಿ. ಸಂಜೆ ಅವಳ ಅಡುಗೆಮನೆಯಲ್ಲಿ ಕಾಲು ಬಿಸಿನೀರಿನಲ್ಲಿಟ್ಟು ಕೂತು, ಯಾರು ಎಲ್ಲಿ ಹೆದರಿದರು ಎಂದು ಪರಸ್ಪರ ಕಾಲೆಳೆಯುವುದು.

ಹೋದ ವರ್ಷ ಅವಳು ನಡುದಾರಿಗೆ ಬಹಳ ತಡವಾಗಿ ಬಂದಳು. ಮಂಡಿ ನೋಯುತ್ತಿತ್ತು. ನಾನು ಬೆಟ್ಟದ ಗಾಳಿಯಲ್ಲಿ ಕಾದು ಮರಗಟ್ಟಿದ್ದೆ, ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. "ಮುಂದಿನ ವರ್ಷ ನಿನ್ನನ್ನ ಹೊತ್ಕೊಂಡು ದಾಟಿಸೋಕೆ ನನ್ನ ಕೈಲಾಗಲ್ಲಮ್ಮ. ಬೇರೆ ಯಾರನ್ನಾದ್ರೂ ಹುಡುಕ್ಕೋತೀನಿ." ಅವಳು ಕೀ ಕೊಟ್ಟಳು, ನನ್ನದನ್ನು ತೆಗೆದುಕೊಂಡಳು, ಹೊರಟುಹೋದಳು. ರಾತ್ರಿ ಕಾರುಗಳನ್ನು ಮಾತಿಲ್ಲದೆಯೇ ವಾಪಸ್ ಮಾಡಿಕೊಂಡೆವು, ಆಮೇಲೂ ಒಂದು ಮಾತಿಲ್ಲ. ಫೋನ್ ಮಾಡಲು ನನಗೂ ಬೆರಳಿತ್ತು. ಮಾಡಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನಗೆ ಅವಳು, ಅವಳಿಗೆ ನಾನು, ಅಷ್ಟೇ ಸಂಸಾರ. ಆ ಒಂದು ವರ್ಷ ಗಿರಾಕಿಗಳಿಗೆ "ಇದು ಸ್ಪಷ್ಟವಾಗಿದೆಯಾ, ಅದಾ?" ಎಂದು ಕೇಳಿದ್ದು ಬಿಟ್ಟರೆ ನಾನು ಯಾರ ಜೊತೆ ಏನು ಮಾತಾಡಿದೆನೋ ನೆನಪಿಲ್ಲ.

ಈ ವರ್ಷದ ಭಾನುವಾರ ಬಂತು. ಅವಳು ಬರುತ್ತಾಳೋ ಇಲ್ಲವೋ ಕೇಳುವ ಹಾಗಿಲ್ಲ. ಬಂದರೆ ಎಲ್ಲ ಸರಿಹೋಯಿತು ಎಂದೇ ಅರ್ಥ, ಬರದಿದ್ದರೆ ಮುಗಿಯಿತು ಎಂದು ಅರ್ಥ. ಹಾಗೆ ನಾನೇ ತೀರ್ಮಾನ ಮಾಡಿಕೊಂಡು, ಎರಡು ಜನಕ್ಕಾಗುವಷ್ಟು ಬುತ್ತಿ ಕಟ್ಟಿಕೊಂಡು ಹೊರಟೆ. ಮೂಡಣ ತುದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ.

ಹತ್ತುವಾಗ ಜೊತೆಗಾರರಿಲ್ಲದಿರುವುದು ನನಗೇನೂ ಹೊಸದಲ್ಲ, ಅರ್ಧ ದಾರಿ ಯಾವಾಗಲೂ ಒಬ್ಬನೇ. ಆದರೆ ಬೇರೆ ವರ್ಷ ಎದುರಿನಿಂದ ಒಬ್ಬಳು ಬರುತ್ತಿರುತ್ತಾಳೆ ಎಂಬ ಭರವಸೆ ಇರುತ್ತಿತ್ತು. ಮೊದಲ ಕಡಿದಾದ ಮೆಟ್ಟಿಲುಬಂಡೆಯಲ್ಲಿ ಕಾಲಿಟ್ಟ ಕಲ್ಲು ಕಿತ್ತುಕೊಂಡು ಹೋಯಿತು. ಅದು ಕೆಳಗೆ ಉರುಳುವ ಸದ್ದು ಬಹಳ ಹೊತ್ತು ಕೇಳಿಸಿತು. ಬಂಡೆಗೆ ಕೆನ್ನೆ ಒತ್ತಿ ನಿಂತೆ. "ಕೈಕಾಲಲ್ಲಿ ಮೂರು ಊರಿರ್ಲಿ, ಒಂದನ್ನೇ ಎತ್ತು" ಎಂದು ಚಿಕ್ಕಂದಿನಲ್ಲಿ ಬಂಡೆ ಹತ್ತುವುದನ್ನು ಕಲಿಸಿದವಳೂ ಅವಳೇ. ಬೈದುಕೊಂಡೇ ಹತ್ತಿದೆ. ಯಾರನ್ನು ಬೈದೆನೆಂದು ಕೇಳಬೇಡಿ.

ನಡುದಾರಿಯಲ್ಲಿ ಏಣಿನ ಮೇಲೆ ಅಡ್ಡಲಾಗಿ ಒಂದು ದೊಡ್ಡ ಬಂಡೆ ಕುಕ್ಕರಗಾಲಲ್ಲಿ ಕೂತಿದೆ. ನಾವು ಅದನ್ನು ಅಜ್ಜಿಬಂಡೆ ಎನ್ನುತ್ತೇವೆ. ಹತ್ತಿ ದಾಟಲು ಆಗುವುದಿಲ್ಲ. ಬಿಸಿಲಿನ ಕಡೆಯಿಂದ ಒಂದು ಸಣ್ಣ ಅಂಚು, ನೆರಳಿನ ಕಡೆಯಿಂದ ಇನ್ನೊಂದು, ಎರಡರಲ್ಲಿ ಯಾವುದನ್ನಾದರೂ ಹಿಡಿದು ಬಳಸಬೇಕು. ಹಾಗಾಗಿ ನಮ್ಮದೊಂದು ಕಟ್ಟಳೆ: ಮೊದಲು ಬಂದವರು ತಮ್ಮ ಬದಿಯಲ್ಲೇ ಕೂತು "ಕೀ ತಂದಿದ್ದೀಯಾ?" ಎಂದು ಕೂಗಬೇಕು. ಬಂಡೆಯೇನು ಅಕ್ಕನ ಬಸ್ಸಿಗಿಂತ ದಪ್ಪವಿಲ್ಲ, ಆಚೆಯವರಿಗೆ ಕೇಳಿಸುತ್ತದೆ. ಅವರು ಉತ್ತರ ಕೊಟ್ಟು ಬಳಸಿ ಬರುತ್ತಾರೆ.

ನಾನು ಬಂಡೆಯ ಬುಡಕ್ಕೆ ಬಂದು ಕೂತೆ. ಕೂಗಲು ಬಾಯಿ ತೆರೆದೆ, ಮುಚ್ಚಿದೆ. ನಾನು ಕೂಗಿ, ಆಚೆಯಿಂದ ಗಾಳಿ ಬಿಟ್ಟರೆ ಏನೂ ಬರದಿದ್ದರೆ? ಹಾಗಾಗುವುದಕ್ಕಿಂತ ಅವಳೇ ಕೂಗಲಿ ಎನಿಸಿತು. ದೊಡ್ಡವಳು ಅವಳು ತಾನೇ! ಗಾಳಿ ಜೋರಾಗುತ್ತ ಬಂತು. ಬುತ್ತಿ ಬಿಚ್ಚಲಿಲ್ಲ. ಒಂದು ಸಲ ಸೀನಿದೆ. ನನ್ನ ಸೀನು ಅಂಥಿಂಥದ್ದಲ್ಲ, ಅಂಗಡಿಯಲ್ಲಿ ಸೀನಿದರೆ ಗೋಡೆಯ ಮೇಲಿನ ಫ್ರೇಮುಗಳು ಅಲುಗುತ್ತವೆ. ಬಿಸಿಲು ಬಂಡೆಯ ನೆತ್ತಿಯಿಂದ ಜಾರಿ ಪಕ್ಕಕ್ಕೆ ಬಂತು. ಅವಳು ಬರಲಿಲ್ಲ.

ಹಿಂದಕ್ಕೆ ಹೋದರೆ ನನ್ನ ಕಾರಿದೆ. ಮುಂದಕ್ಕೆ ಹೋದರೆ, ಅವಳು ಬಂದಿಲ್ಲವೆಂದ ಮೇಲೆ, ಅಲ್ಲಿ ಖಾಲಿ ರಸ್ತೆ. ಬುದ್ಧಿ ಇದ್ದವನು ಹಿಂದಕ್ಕೆ ಹೋಗುತ್ತಾನೆ. ಆದರೆ ತಿರುಗಿ ಹೆಜ್ಜೆ ಹಾಕಿದರೆ ನನಗಿನ್ನು ಅಕ್ಕ ಇಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ ಅನ್ನಿಸಿತು. ಎದ್ದು, ನೆರಳಿನ ಕಡೆಯ ಅಂಚು ಹಿಡಿದು, ಬಂಡೆಯನ್ನು ತಬ್ಬಿಕೊಂಡು ಬಳಸಿ ಆಚೆ ಹೋದೆ. ಅಲ್ಲಿ ಯಾರೂ ಇರಲಿಲ್ಲ.

ಅದರಾಚೆಗೆ ಏಣು ಎಷ್ಟು ಸಣ್ಣದಾಗುತ್ತದೆಂದರೆ ನಿಂತು ನಡೆಯಲಾಗದು. ಎರಡು ಕಡೆ ಕಾಲು ಇಳಿಬಿಟ್ಟು, ಅಂಗೈ ಊರಿ, ಕೂತುಕೊಂಡೇ ಸರಿಯಬೇಕು. ಗಾಳಿ ಎದುರಿನಿಂದ ಬಡಿಯುತ್ತಿತ್ತು. ನಡುವೆ ಒಮ್ಮೆ ಸರಿಯುವುದು ನಿಲ್ಲಿಸಿ ಎರಡೂ ಕಡೆಯ ಕಣಿವೆ ನೋಡಿದೆ. ಇಲ್ಲಿಂದ ಬಿದ್ದರೆ ಅಂಗಡಿ ಯಾಕೆ ತೆಗೆದಿಲ್ಲ ಎಂದು ಯೋಚಿಸುವವರು ಯಾರು? ಕನ್ನಡಕ ರಿಪೇರಿಗೆ ಕೊಟ್ಟವರು. ನಗು ಬಂತು, ಹಿಂದೆಯೇ ಅಳುವೂ ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತುವ ಹಾಗಿರಲಿಲ್ಲ.

ಪಡುವಣ ತುದಿಗೆ ಇಳಿದಾಗ ಸಂಜೆಯಾಗುತ್ತಿತ್ತು. ಮಣ್ಣಿನ ಮೈದಾನದಲ್ಲಿ ಒಂದೇ ಒಂದು ಕಾರು ನಿಂತಿತ್ತು. ಅಕ್ಕನದ್ದು.

ಅವಳು ಬಂದಿದ್ದಾಳೆ. ಹತ್ತಿದ್ದಾಳೆ. ದಾರಿಯಲ್ಲಿ ನನಗೆ ಸಿಕ್ಕಿಲ್ಲ. ಆ ದಾರಿಯಲ್ಲಿ ಸಿಗದೆ ಹೋಗಲು ಇರುವುದು ಎರಡೇ ಜಾಗ, ಎಡಗಡೆಯ ಕಣಿವೆ ಮತ್ತು ಬಲಗಡೆಯ ಕಣಿವೆ. ಏಣಿನ ಮೇಲೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಎರಡು ತುದಿಗಳಿಗೆ ಇಳಿದ ಮೇಲೆ ಮಾತ್ರ ಸಿಗುತ್ತದೆ ಎಂದು ಗೊತ್ತಿದ್ದೂ ಅವಳ ನಂಬರು ಒತ್ತಿದೆ. ರಿಂಗಾಯಿತು. ಎತ್ತಿದಳು.

"ಎಲ್ಲಿದ್ದೀಯಾ?" ಎಂದೆ.

"ನಿನ್ನ ಕಾರಿಗೆ ಒರಗಿ ಕೂತಿದ್ದೀನಿ." ಏದುಸಿರು ಬಿಡುತ್ತಿದ್ದಳು. "ನೀನೆಲ್ಲಿ ಹಾಳಾಗಿ ಹೋದೆ?"

"ನಿನ್ನ ಕಾರಿನ ಹತ್ರ."

ನನ್ನ ಜೇಬಿನಲ್ಲಿ ನನ್ನ ಕಾರಿನ ಕೀ ಇತ್ತು, ಅವಳ ಜೇಬಿನಲ್ಲಿ ಅವಳದ್ದು.

"ಅಜ್ಜಿಬಂಡೆ ಹತ್ರ ನೀನೂ ಇದ್ಯಾ?" ಎಂದೆ.

"ಇದ್ದೆ. ನಿನಗಿಂತ ಮುಂಚೆನೇ ಬಂದು ಕೂತಿದ್ದೆ. ನೀನು ಸೀನಿದ್ದು ಕೇಳಿಸ್ತು."

"ಕೇಳಿಸಿದ ಮೇಲೂ ಸುಮ್ನೆ ಕೂತಿದ್ಯಾ?"

"ಕೂತಿದ್ದೆ. ಅಂದದ್ದು ನೀನು, ಕರೆಯೋದೂ ನೀನೇ ಆಗ್ಲಿ ಅಂತ. ಆಮೇಲೆ ನಿನ್ನ ಕಡೆ ಸದ್ದೇ ಇಲ್ಲ. ವಾಪಸ್ ಹೊರಟುಹೋದ ಅಂದ್ಕೊಂಡೆ. ಬಿಸಿಲಿನ ಕಡೆಯಿಂದ ಬಳಸಿ ಬಂದು ನೋಡ್ತೀನಿ, ನೀನಿಲ್ಲ. ಅಲ್ಲಿಂದ ಕೆಳಗಿನ ತನಕ ಓಡೋ ಹಾಗೆ ಬಂದೆ. ಮರೀ, ಮರೀ ಅಂತ ಕೂಗ್ಕೊಂಡೇ ಬಂದೆ. ಗಂಟಲು ಹೋಗಿದೆ ನೋಡು."

ನನ್ನನ್ನು ಮರಿ ಎನ್ನುವವರು ಲೋಕದಲ್ಲಿ ಅವಳೊಬ್ಬಳೇ. ನಾನು ಏಣಿನ ಮೇಲೆ ಕೂತು ಸರಿಯುತ್ತಿದ್ದಾಗ, ನನ್ನ ಬೆನ್ನ ಹಿಂದೆ, ಒಂದೊಂದು ಕೂಗಿಗೂ ಇನ್ನಷ್ಟು ದೂರವಾಗುತ್ತ, ಆ ನೋಯುವ ಮಂಡಿಯಲ್ಲಿ ಅವಳು ಇಲ್ಲದವನ ಹಿಂದೆ ಓಡಿದ್ದಾಳೆ.

"ನಂಗೆ ಕೇಳಿಸ್ಲಿಲ್ಲ ಅಕ್ಕ," ಎಂದೆ. "ಗಾಳಿ ಇತ್ತು." ಆಮೇಲೆ, "ಹೋದ ವರ್ಷ ನಾನು ಹಾಗನ್ನಬಾರ್ದಿತ್ತು."

"ಹೂಂ."

"ಮಂಡಿ ಹೇಗಿದೆ?"

"ಊದಿದೆ. ಬಗ್ಸೋಕಾಗ್ತಿಲ್ಲ. ನೀನು ಅಂದದ್ದು ನಿಜಾನೇ ಆಯ್ತು, ಇನ್ನು ನನ್ನ ಕೈಲಿ ಈ ಏಣು ಆಗಲ್ಲ." ಅಕ್ಕ ಅದನ್ನು ಬಸ್ಸಿನ ಮುಂದಿನ ನಿಲ್ದಾಣ ಹೇಳುವ ಹಾಗೆ ಹೇಳಿದಳು. "ಇದೇ ಕಡೇ ಸಲ ಅಂತ ಬೆಳಿಗ್ಗೇನೇ ಗೊತ್ತಿತ್ತು. ಅದಕ್ಕೇ ಬಂದೆ."

ಆ ಕಡೇ ಸಲವನ್ನು ನಾವು ಒಂದೇ ಬಂಡೆಗೆ ಆ ಕಡೆ ಈ ಕಡೆ ಒರಗಿ ಕೂತು ಕಳೆದುಬಿಟ್ಟಿದ್ದೆವು.

"ಕೆಳಗೆ ದೊಡ್ಡ ರಸ್ತೆಗೆ ಹೋಗಿ ಯಾವುದಾದ್ರೂ ಗಾಡಿ ಹಿಡೀತೀನಿ," ಎಂದೆ. "ಬೆಟ್ಟ ಸುತ್ಕೊಂಡು ಬರೋಕೆ ಹೊತ್ತಾಗುತ್ತೆ. ಅಲ್ಲಿಂದ ಅಲ್ಲಾಡಬೇಡ."

"ಅಲ್ಲಾಡೋಕೆ ಕಾಲೆಲ್ಲಿದೆ? ಫೋನ್ ಇಡಬೇಡ ಮರಿ. ನಡೀತಾ ಏನಾದ್ರೂ ಮಾತಾಡ್ತಾ ಇರು. ಕತ್ತಲಾಗ್ತಿದೆ, ಇಲ್ಲಿ ಯಾರೂ ಇಲ್ಲ."

ಇಲ್ಲೂ ಯಾರೂ ಇರಲಿಲ್ಲ. ಚೀಲ ಹೆಗಲಿಗೇರಿಸಿ, ಫೋನನ್ನು ಕಿವಿಗೊತ್ತಿ, ಇಳಿಜಾರಿನ ರಸ್ತೆಯಲ್ಲಿ ನಡೆಯತೊಡಗಿದೆ. ಅವಳಿಗೆ ಹೇಳದೆ ಉಳಿದದ್ದನ್ನೆಲ್ಲ, ಹೋದ ವರ್ಷದ ಆ ಭಾನುವಾರದ ಮಾರನೆಯ ದಿನದಿಂದ, ಹೇಳಲು ಶುರುಮಾಡಿದೆ.