ಧಾರೆಯ ಚೊಂಬು

"ಯಾರನ್ನ ಕೇಳಿ ಒತ್ತಿದ್ರಿ?"

ಮೇಘಶ್ರೀ ಬಾಗಿಲಲ್ಲೇ ನಿಂತಿದ್ದಳು. ಒಂದು ಚಪ್ಪಲಿ ಕಳಚಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಎಡಿಟಿಂಗ್ ಕೋಣೆಯ ಕಂಪ್ಯೂಟರ್ ಪರದೆ ಪೂರ್ತಿ ಕಪ್ಪಾಗಿ, ನಡುವೆ ಬಿಳಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳುತ್ತಿತ್ತು. ಸ್ಟುಡಿಯೊ ಮಾಲೀಕ ಶಶಿಧರ್ ಅದರ ಮುಂದೆ ಕುಳಿತು, ಒಲೆಯ ಮೇಲಿನ ಹಾಲು ಕಾಯುವವನಂತೆ ಗೆರೆಯನ್ನೇ ನೋಡುತ್ತಿದ್ದ.

"ಬಂದ್ಯಾ? ಕೂತ್ಕ ಮಾರಾಯ್ತಿ. ಆಪರೇಟಿಂಗ್ ಸಿಸ್ಟಂ ಹೊಸದು ಹಾಕ್ತಾ ಇದೀನಿ. ಅದಾದ್ಮೇಲೆ ಎಡಿಟಿಂಗ್ ಸಾಫ್ಟ್‌ವೇರೂ ಹೊಸದು. ಈ ಸಾಫ್ಟ್‌ವೇರು ಹಳೆ ಸಿಸ್ಟಮ್ಮಲ್ಲಿ ಕೂರಲ್ಲ ಅಂತದೆ."

"ಅದು ಅಂತದೆ, ನೀವು ಒತ್ತಿಬಿಡ್ತೀರಿ! ಅರ್ಧ ಕೆಲ್ಸ ಆದ ಮದುವೆ ವಿಡಿಯೊಗಳಿದಾವೆ ಅದ್ರೊಳಗೆ. ಚಾರ್ಮಾಡಿ ಘಾಟಿ ಇಳಿಯೋ ಬಸ್ಸಿಗೆ ಓಡ್ತಿರೋವಾಗ್ಲೇ ಟಯರ್ ಬದಲಾಯ್ಸಿದ ಹಾಗಾಯ್ತು. ಒಂದು ಮಾತು ಹೇಳಕ್ಕೆ ಎಂತ ಕಷ್ಟ ನಿಮಗೆ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ!"

"ಅದ್ಕೇ ಹೇಳ್ಲಿಲ್ಲ."

ಅವಳು ಇನ್ನೊಂದು ಚಪ್ಪಲಿಯನ್ನೂ ಒದ್ದು ಒಳಗೆ ಬಂದು, ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕುಳಿತಳು. ಕಳಸದ ಬಸ್‌ಸ್ಟ್ಯಾಂಡು ಕೆಳಗೇ ಇತ್ತು. ಜೀಪಿನವನೊಬ್ಬ "ಹೊರ್ನಾಡ್ ಹೊರ್ನಾಡ್ ಹೊರ್ನಾಡ್" ಎಂದು ಮೂಗಿನಲ್ಲಿ ಕೂಗುತ್ತಿದ್ದ. ಬೇರೆ ದಿನವಾಗಿದ್ದರೆ ಮೇಘಶ್ರೀ ಅದೇ ಮೂಗಿನಲ್ಲಿ "ಅಪ್ಗ್ರೇಡ್ ಅಪ್ಗ್ರೇಡ್, ಒಂದೇ ಸೀಟು" ಎಂದು ಕೂಗಿ ಶಶಿಧರನನ್ನು ನಗಿಸುತ್ತಿದ್ದಳು. ಪುರೋಹಿತರ ಕೆಮ್ಮು, ಬೀಗರ ಬಿಂಕ, ಮೈಕ್ ಸಿಕ್ಕಿದರೆ ಬಿಡದ ಸೋದರಮಾವಂದಿರು, ಎಲ್ಲರೂ ಅವಳ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು.

ಆ ಗಂಟಲುಗಳನ್ನೆಲ್ಲ ಅವಳು ಮೊದಲು ಹಿಡಿದದ್ದು ಕಲ್ಯಾಣ ಮಂಟಪಗಳಲ್ಲಿ. ಆಗ ಅವಳ ಕೈಯಲ್ಲಿ ಕ್ಯಾಮೆರಾ ಇತ್ತು. ಮೂಡಿಗೆರೆಯಿಂದ ಕುದುರೆಮುಖದವರೆಗೆ ಮದುಮಕ್ಕಳು "ಆ ಹುಡುಗೀನೇ ಬರ್ಲಿ" ಎಂದು ಕೇಳಿ ಕರೆಸುತ್ತಿದ್ದರು. ಹೋದ ವರ್ಷದ ಹಿಂದಿನ ವರ್ಷ, ಮೆಣಸು ಕೊಯ್ಯುತ್ತಿದ್ದ ಅವಳ ಗಂಡನ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ, ಅವನು ಅಲ್ಲೇ ತೀರಿಕೊಂಡ. ತಿಂಗಳುಗಳ ನಂತರ ಅವಳು ಮತ್ತೆ ಕ್ಯಾಮೆರಾ ಹಿಡಿದು ಮಂಟಪ ಹತ್ತಿದಾಗ, ಮದುಮಗನ ಅಜ್ಜಿ ಶಶಿಧರನನ್ನು ಬದಿಗೆ ಕರೆದು ಏನೋ ಹೇಳಿದರು. ಮರುದಿನ ಅವನು, "ಇನ್ಮೇಲೆ ಒಳಗೆ ಎಡಿಟಿಂಗ್ ನೋಡ್ಕ, ಫ್ಯಾನಿನ ಕೆಳಗೆ ಆರಾಮ" ಎಂದಿದ್ದ. ಅಂದಿನಿಂದ ಅವಳ ಪಾಲಿಗೆ ಮದುವೆಗಳೆಲ್ಲ ಈ ಪರದೆಯೊಳಗೇ ನಡೆಯುತ್ತಿದ್ದವು. ಕ್ಯಾಮೆರಾದ ಚೀಲ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿತ್ತು.

ಗೆರೆ ಕೊನೆ ಮುಟ್ಟಿತು. ಯಂತ್ರ ಎರಡು ಸಲ ಸತ್ತು ಹುಟ್ಟಿತು. ಪರದೆಯ ಮೇಲೆ ಯಾರದೋ ದೇಶದ ಹಿಮದ ಗುಡ್ಡ ಬಂತು. ಅವಳು ಒಪ್ಪ ಮಾಡಿ ಇಟ್ಟಿದ್ದ ಐಕಾನುಗಳೆಲ್ಲ ಎಲ್ಲೆಲ್ಲೋ ಹೋಗಿ ಕುಳಿತಿದ್ದವು. ಶಶಿಧರ್ ಹೊಸ ಎಡಿಟಿಂಗ್ ಸಾಫ್ಟ್‌ವೇರನ್ನೂ ಇಳಿಸಿ, ಪ್ರೇರಣಾ ಎಂಬ ಹೆಸರಿನ ಮದುವೆಯನ್ನು ಒತ್ತಿದ.

ಒಂದು ಎಚ್ಚರಿಕೆ ಬಂತು. ಈ ಕೆಲಸವನ್ನು ಹೊಸ ಆವೃತ್ತಿಗೆ ಬದಲಾಯಿಸಲಾಗುವುದು, ಬದಲಾದ ಮೇಲೆ ಹಳೆಯದರಲ್ಲಿ ತೆರೆಯಲು ಬರುವುದಿಲ್ಲ.

"ತಡೀರಿ, ಒಂದು ಕಾಪಿ..."

ಅವನು ಒತ್ತಿ ಆಗಿತ್ತು.

"ನಿಮ್ಮ ಬೆರಳಿಗೆ ಎಂತ ರೋಗ ಶಶಿಯಣ್ಣ? ಅಷ್ಟು ಮದುವೆ ಇರೋವಾಗ ಇದೇ ಯಾಕೆ ಮೊದ್ಲು?"

ಶಶಿಧರ್ ಕಿವಿ ತುರಿಸಿಕೊಂಡ. "ಇದ್ರಲ್ಲಿ ಒಂದು ಹೊಸ ಬ್ರಶ್ ಇದೆ. ಒಬ್ಬರ ಮೇಲೆ ಬಳಿದ್ರೆ ಅವ್ರು ವಿಡಿಯೊದಿಂದ ಮಾಯ. ಹಿಂದಿನ ಹೂವು, ಪರದೆ ಎಲ್ಲ ಅದೇ ತುಂಬ್ಕೊಳ್ತದೆ. ಹಳೇದ್ರಲ್ಲಿ ಇದು ಇರ್ಲಿಲ್ಲ."

"ಯಾರು ಮಾಯ ಆಗ್ಬೇಕಿತ್ತು?"

"ಸಾವಿತ್ರಮ್ಮ."

ಮೇಘಶ್ರೀ ಎದ್ದು ನಿಂತಳು.

ಸಾವಿತ್ರಮ್ಮ ಧಾರೆ ಎರೆದ ದೃಶ್ಯವನ್ನು ಅವಳು ಒಂದು ಕತ್ತರಿಯೂ ತಾಗಿಸದೆ ಉಳಿಸಿಕೊಂಡಿದ್ದಳು. ಎಸ್ಟೇಟ್ ಮಾಲೀಕರಾದ ಚಂದ್ರಶೇಖರ ಅವರ ಒಬ್ಬಳೇ ಮಗಳು ಪ್ರೇರಣಾ. ತಾಯಿ ಸತ್ತಾಗ ಅವಳಿಗೆ ಹಲ್ಲು ಬಂದಿರಲಿಲ್ಲ. ಸಾಕಿದ್ದು ಸೋದರತ್ತೆ ಸಾವಿತ್ರಮ್ಮ. ಗಂಡ ತೀರಿಕೊಂಡು ತಮ್ಮನ ಮನೆ ಸೇರಿದವರು, ಮದುವೆಯ ದಿನ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದರು. ಮುಹೂರ್ತಕ್ಕೆ ಸರಿಯಾಗಿ ಮದುಮಗಳು ಕೈ ಹಿಂದಕ್ಕೆಳೆದುಕೊಂಡು, "ಅತ್ತೆ ಹೊಯ್ಯದಿದ್ರೆ ನಾನು ಕೈ ಒಡ್ಡಲ್ಲ" ಎಂದುಬಿಟ್ಟಳು. ಮಂತ್ರ ನಿಂತಿತು. ಕೊನೆಗೆ ತಂದೆ ಮಗಳ ಕೈಯನ್ನು ಕೆಳಗಿನಿಂದ ಹಿಡಿದುಕೊಂಡರು, ಸಾವಿತ್ರಮ್ಮ ಮಂಟಪ ಹತ್ತಿ ಬಂದು ಬೆಳ್ಳಿಯ ಚೊಂಬಿನಿಂದ ಹಾಲು ಎರೆದರು. ಹುಡುಗಿ ಮುಖವೆತ್ತಿ ಅವರನ್ನು ನೋಡಿ ನಕ್ಕಳು, ಅತ್ತಳು.

"ಅಳಿಯ ಬೈಕಿಂದ ಬಿದ್ದು ಕಾಲು ಮುರ್ಕಂಡಿದಾನೆ," ಎಂದ ಶಶಿಧರ್. "ವಸ್ತಾರೆಯಲ್ಲಿ ಬೀಗರ ಮನೇಲಿ ಮಾತು ಶುರುವಾಗಿದೆ, ಧಾರೆ ಎರೆದವ್ರು ಯಾರು ಅಂತ. ವಿಡಿಯೊದಲ್ಲಿ ಅವ್ರು ಇರೋದೇ ಬೇಡ ಅಂತಿದಾರೆ."

"ಬೈಕು ಓಡ್ಸಿದ್ದು ಸಾವಿತ್ರಮ್ಮನಾ?"

"ನನ್ನ ಎಂತಕ್ಕೆ ಕೇಳ್ತೀಯ?"

"ಚಂದ್ರಶೇಖರ ಸಾಹುಕಾರ್ರು ಎಂತ ಅಂದ್ರು? ನಾನೇ ಹೇಳ್ತೀನಿ ಕೇಳಿ." ಅವಳು ಗದ್ದವನ್ನು ಎದೆಗೆ ಒತ್ತಿ, ದಪ್ಪ ಸ್ವರ ತೆಗೆದಳು: "'ನಂಗೇನಿಲ್ಲ ಶಶಿ. ನಾನು ಇವನ್ನೆಲ್ಲ ನಂಬೋನಲ್ಲ. ಬೀಗರ ಕಡೇವ್ರು ಸ್ವಲ್ಪ ಹಳೇ ಕಾಲದವ್ರು ನೋಡು...'"

ಶಶಿಧರ್ ನಗಲಿಲ್ಲ. "ಕೆಲ್ಸ ಮಾಡು ಮೇಘ. ಅವ್ರ ಇಡೀ ಕುಟುಂಬದ ಮದುವೆ ನಮಗೇ ಬರ್ತದೆ."

"ನನ್ನನ್ನ ಮಂಟಪದಿಂದ ಅಳಿಸೋವಾಗ ನಿಮಗೆ ಸಾಫ್ಟ್‌ವೇರೂ ಬೇಕಾಗಿರ್ಲಿಲ್ಲ," ಎಂದಳು ಮೇಘಶ್ರೀ. ಈ ಸಲ ಯಾರ ಸ್ವರವೂ ಅಲ್ಲ, ಅವಳದೇ. "ಫ್ಯಾನಿನ ಕೆಳಗೆ ಆರಾಮ ಅಂದ್ರಿ, ಆಯ್ತು. ಈಗ ಅವ್ರನ್ನ ಅಳಿಸಕ್ಕೂ ನನ್ನ ಕೈಯೇ ಬೇಕಾ? ನೀವೇ ಬಳೀರಿ. ಒತ್ತೋದು ಹೇಗಿದ್ರೂ ಬರ್ತದಲ್ಲ."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಚಂದ್ರಶೇಖರ ಒಳಗೆ ಬಂದರು, ಪ್ಯಾಂಟಿನ ಅಂಚಿಗೆ ತೋಟದ ಕೆಂಪು ಮಣ್ಣು. ಅವರ ಹಿಂದೆ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ, ಸಾವಿತ್ರಮ್ಮ. ಶಶಿಧರ್ ಎರಡು ಕುರ್ಚಿ ಎಳೆದು, ಕೆಳಗಿನ ಹೋಟೆಲಿಗೆ ಕಿಟಕಿಯಿಂದಲೇ ಕಾಫಿ ಹೇಳಿದ.

"ಶುರು ಮಾಡಿದ್ರಾ?" ಎಂದರು ಚಂದ್ರಶೇಖರ. ಮೇಘಶ್ರೀಯ ಮುಖ ನೋಡಿ ಸ್ವರ ತಗ್ಗಿಸಿದರು. "ನಂಗೇನಿಲ್ಲ ತಂಗಿ. ನಾನು ಇವನ್ನೆಲ್ಲ ನಂಬೋನಲ್ಲ. ಬೀಗರ ಕಡೇವ್ರು ಸ್ವಲ್ಪ ಹಳೇ ಕಾಲದವ್ರು..."

ಶಶಿಧರ್ ಗೋಡೆಯ ಕಡೆ ತಿರುಗಿಕೊಂಡ.

"ನೀವೂ ಹೆಂಡ್ತೀನ ಕಳ್ಕಂಡವ್ರೇ ಸಾಹುಕಾರ್ರೆ," ಎಂದಳು ಮೇಘಶ್ರೀ. "ಅದೇ ದೃಶ್ಯದಲ್ಲಿ ನೀವೂ ಇದೀರ. ನಿಮ್ಮನ್ನ ಅಳಿಸಿ ಅಂತ ಯಾರಾದ್ರೂ ಅಂದ್ರಾ?"

"ಮೇಘ!" ಎಂದ ಶಶಿಧರ್.

ಚಂದ್ರಶೇಖರ ಬಾಯಿ ತೆರೆದರು. ಅಷ್ಟರಲ್ಲಿ ಸಾವಿತ್ರಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಅವನಿಗೆ ಎಂತಕ್ಕೆ ಬೈತೀಯ ಮಗ? ತೆಗಿ ಅಂತ ನಾನೇ ಹೇಳಕ್ಕೆ ಬಂದಿದ್ದು. ಹುಡುಗಿ ಆ ಮನೇಲಿ ಬಾಳ್ಬೇಕು. ಊಟಕ್ಕೆ ಕೂತಾಗೆಲ್ಲ ಇದೇ ಮಾತಂತೆ. ಫೋನಲ್ಲಿ ಹೇಳಲ್ಲ ಅವಳು, ಸ್ವರದಲ್ಲಿ ಗೊತ್ತಾಗ್ತದೆ."

ಮೇಘಶ್ರೀಗೆ ಇದನ್ನು ಕೇಳಿ ಉರಿದುಹೋಯಿತು. ಬೀಗರ ಮೇಲಿದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ಈ ಹೆಂಗಸಿನ ಮೇಲೆ ಬಂತು. "ನೀವೇ ಹೀಗಂದ್ರೆ ಮುಗೀತಲ್ಲ! ಅಷ್ಟು ಜನರ ಎದುರು ಹತ್ತಿ ಬಂದವ್ರು ನೀವು. ನಿಮ್ಮ ಕೈ ನಡುಗಿದ್ದನ್ನೂ ನಾನು ಕತ್ತರಿಸ್ದೆ ಇಟ್ಟಿದೀನಿ. ಹೆದ್ರಿದ್ರೂ ಬಂದ್ರಲ್ಲ ಅಂತ."

"ಹೆದ್ರಿಕೆಗೆ ನಡುಗಿದ್ದು ಅಂತ ಯಾರು ಹೇಳಿದ್ದು ನಿಂಗೆ?" ಎಂದರು ಸಾವಿತ್ರಮ್ಮ.

ಹೋಟೆಲಿನಿಂದ ಕಾಫಿ ಬಂತು. ಸಾವಿತ್ರಮ್ಮ ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು, "ತೆಗೆಯೋ ಮೊದ್ಲು ಒಂದ್ಸಲ ತೋರ್ಸು. ನಾನು ನೋಡೇ ಇಲ್ಲ" ಎಂದರು.

ಮೇಘಶ್ರೀ ಕುಳಿತು ತೋರಿಸಿದಳು. ಸಾವಿತ್ರಮ್ಮ ಎದ್ದು ಕುರ್ಚಿಯ ಹಿಂದೆ ಬಂದು ನಿಂತು ನೋಡಿದರು. ಕಾಫಿ ಕುಡಿಯುವುದನ್ನು ಮರೆಯಲಿಲ್ಲ. ಪರದೆಯ ಮೇಲೆ ಧಾರೆ ಮುಗಿದಾಗ, "ಸಾಕು. ಬಳಿ" ಎಂದರು.

ಹೊಸ ಬ್ರಶ್ಶು ತಕ್ಷಣ ಸಿಗಲಿಲ್ಲ, ಎಲ್ಲಿಯದನ್ನೋ ಎಲ್ಲಿಗೋ ಇಟ್ಟಿದ್ದರು. ಮೇಘಶ್ರೀ ಹಲ್ಲು ಕಚ್ಚಿ ಹುಡುಕಿದಳು. ಸಿಕ್ಕಿದ ಮೇಲೆ ಸಾವಿತ್ರಮ್ಮನ ತಲೆಯಿಂದ ಶುರುಮಾಡಿ, ಬೂದು ಬಣ್ಣದ ಸೀರೆ, ತೋಳು, ಮಣಿಕಟ್ಟು, ಬೆರಳುಗಳವರೆಗೂ ಬಳಿದಳು. ಬಳಿದಲ್ಲೆಲ್ಲ ಕೆಂಪಾಯಿತು. ಒತ್ತಿದಳು. ಯಂತ್ರ ಗೊರಗೊರ ಸದ್ದು ಮಾಡಿ ಬಿಸಿಯಾಯಿತು.

ದೃಶ್ಯ ಮತ್ತೆ ಓಡಿತು. ಸಾವಿತ್ರಮ್ಮ ಇರಲಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಸೇವಂತಿಗೆಯ ಮಾಲೆಗಳು ಅಚ್ಚುಕಟ್ಟಾಗಿ ಇಳಿಬಿದ್ದಿದ್ದವು. ಬೆಳ್ಳಿಯ ಚೊಂಬು ಮಾತ್ರ ಗಾಳಿಯಲ್ಲಿ ವಾಲಿಕೊಂಡು ನಿಂತಿತ್ತು. ಅದರ ಬಾಯಿಂದ ಹಾಲು ಸುರಿಯುತ್ತಿತ್ತು. ಯಾರೂ ಹಿಡಿಯದ ಆ ಚೊಂಬು ಒಂದಿಷ್ಟು ನಡುಗಿತು ಕೂಡ.

"ಅಯ್ಯೋ," ಎಂದ ಶಶಿಧರ್. "ಚೊಂಬಿನ ಮೇಲೂ ಬಳಿ ಮಾರಾಯ್ತಿ."

"ಬಳೀತೀನಿ. ಚೊಂಬು ಹೋದ್ಮೇಲೆ ಹಾಲು ಎಲ್ಲಿಂದ ಬೀಳ್ತದೆ?"

"ಹಾಲನ್ನೂ ತೆಗಿ."

"ಹಾಲು ತೆಗೆದ್ರೆ ಧಾರೆ ಎಲ್ಲಾಯ್ತು?" ಅವಳು ಕುರ್ಚಿಯನ್ನು ಪೂರ್ತಿ ಚಂದ್ರಶೇಖರ ಅವರ ಕಡೆ ತಿರುಗಿಸಿದಳು. "ಹೇಳಿ ಸಾಹುಕಾರ್ರೆ. ಧಾರೆ ಆಗದ ಮದುವೆ ವಿಡಿಯೊ ಬೇಕಾ ಬೀಗರಿಗೆ? ಅಳಿಸ್ಕೊಡ್ತೀನಿ. ಕಾಲು ಮುರಿದದ್ದಕ್ಕೇ ಇಷ್ಟು ಮಾತಾಡೋರು, ಧಾರೇನೇ ಆಗಿಲ್ಲ ಅಂತ ಕಂಡ್ರೆ ಎಂತ ಹೇಳ್ತಾರೆ ಕೇಳಿ ಬನ್ನಿ."

"ಬದಿಯಿಂದ ತೆಗೆದದ್ದು ಇರ್ಬೇಕಲ್ಲ, ಇನ್ನೊಂದು ಕ್ಯಾಮೆರಾದಲ್ಲಿ..."

"ಇದೆ. ಅದ್ರಲ್ಲೂ ಇವ್ರೇ ಹೊಯ್ತಿದಾರೆ. ಹೊಯ್ದಿದ್ದು ಇವ್ರೇ ಅಲ್ವಾ?"

ಚಂದ್ರಶೇಖರ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಅಕ್ಕನ ಮುಖ ನೋಡಲಿಲ್ಲ. ದೃಶ್ಯ ತನ್ನಷ್ಟಕ್ಕೆ ಮತ್ತೆ ಮೊದಲಿನಿಂದ ಓಡಿತು. ಚೊಂಬು ವಾಲಿತು, ಹಾಲು ಬಿತ್ತು.

"ಹಿಂಗೇ ಕೊಡು ಮಗ," ಎಂದರು ಸಾವಿತ್ರಮ್ಮ.

"ಎಂತ ಹೇಳ್ತಿದೀಯ ಅಕ್ಕ? ಚೊಂಬು ಗಾಳೀಲಿ ನಿಂತಿದೆ. ನೋಡಿದವ್ರು ನಗ್ತಾರೆ."

"ನಗ್ಲಿ ಚಂದ್ರು. ನಾನಿದ್ದಾಗ ಯಾರೂ ನಗ್ಲಿಲ್ವಲ." ಅವರ ಸ್ವರ ಏರಲಿಲ್ಲ, ಆದರೆ ಮೂಗಿನ ಹೊಳ್ಳೆಗಳು ಅರಳಿದ್ದವು. "ನನ್ನ ತೆಗೀಬೇಕು ಅಂದ್ರು, ತೆಗೆದಾಯ್ತು. ವಸ್ತಾರೆಯವ್ರೆಲ್ಲ ಟೀವಿ ಮುಂದೆ ಕೂತು ನೋಡ್ಲಿ. ಹಾಲು ಹೊಯ್ತಿರೋದು ಯಾರು ಅಂತ ಮನೆ ಮಕ್ಕಳು ಕೇಳ್ತಾವೆ. ಅವ್ರೇ ಉತ್ರ ಹೇಳ್ಕೊಳ್ಲಿ. ಪ್ರೇರಣಾ ಹೇಳದು ಬೇಡ, ನಾನೂ ಹೇಳಲ್ಲ."

ಶಶಿಧರ್ ಚಂದ್ರಶೇಖರ ಅವರನ್ನು ನೋಡಿದ. ಅವರು ಕರವಸ್ತ್ರವನ್ನು ಮಡಿಸುತ್ತ, ಮಡಿಸಿದ್ದನ್ನು ಬಿಡಿಸುತ್ತ ಕುಳಿತಿದ್ದರು. ಮೇಘಶ್ರೀ ಯಾರ ಅಪ್ಪಣೆಗೂ ಕಾಯದೆ, ಚೊಂಬು ಇದ್ದ ಹಾಗೇ ವಿಡಿಯೊ ಸಿದ್ಧಮಾಡುವ ಗುಂಡಿಯ ಮೇಲೆ ಬಾಣ ತಂದಳು. ಒತ್ತಿದಳು.

ಬಿಳಿ ಗೆರೆಯೊಂದು ಪರದೆಯ ಎಡದಿಂದ ಬಲಕ್ಕೆ ತೆವಳತೊಡಗಿತು. ಅದರ ಪಕ್ಕದ ಚಿಕ್ಕ ಚೌಕದಲ್ಲಿ ಹಾಲು ಬೀಳುತ್ತಲೇ ಇತ್ತು. ಪ್ರೇರಣಾ ಸೇವಂತಿಗೆಯ ಖಾಲಿ ಜಾಗದತ್ತ ಮುಖವೆತ್ತಿ ನಗುತ್ತಿದ್ದಳು. ಕುರ್ಚಿಯ ಹಿಂದೆ ನಿಂತಿದ್ದ ಸಾವಿತ್ರಮ್ಮನ ಕೈಯಲ್ಲಿ ಕಾಫಿ ಮುಗಿದ ಲೋಟ ನಿಧಾನವಾಗಿ ವಾಲುತ್ತಿತ್ತು.